157ನೇ ಹಂತದಲ್ಲಿ ನಿಂತುಹೋದ ಟೆಟ್ರಿಸ್

ಎನ್‌ಇಎಸ್ ಎಂಬ ವಿಡಿಯೋ ಗೇಮ್ ಯಂತ್ರಕ್ಕಾಗಿ ನಿಂಟೆಂಡೊ ಕಂಪನಿ 1989ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಟೆಟ್ರಿಸ್‌ನಲ್ಲಿ, ಎ-ಟೈಪ್ ಎಂಬ ಮುಖ್ಯ ಆಟಕ್ಕೆ ಕೊನೆಯೇ ಇಲ್ಲ. ಮೇಲಿನಿಂದ ಬೀಳುವ ತುಂಡುಗಳನ್ನು ಸಂದಿಯಿಲ್ಲದಂತೆ ಕೂರಿಸಿ ಸಾಲು ತುಂಬಿಸಬೇಕು. ತುಂಬಿದ ಸಾಲು ಅಳಿಯುತ್ತದೆ, ಆಟ ಮುಂದುವರಿಯುತ್ತದೆ. ತುಂಡುಗಳ ರಾಶಿ ನೆತ್ತಿ ಮುಟ್ಟಿದರೆ ಆಟಗಾರ ಸೋತಂತೆ. ಇಷ್ಟಕ್ಕೆ ಗೆದ್ದಂತೆ ಎಂಬ ಗೆರೆಯನ್ನು ಆಟ ಬರೆದವರು ಎಲ್ಲೂ ಎಳೆದಿರಲಿಲ್ಲ. ಹಾಗಿದ್ದೂ ಆಟಕ್ಕೆ ಒಂದು ಕೊನೆ ಇತ್ತು. 155ನೇ ಹಂತ ತಲುಪಿದ ಮೇಲೆ ಒಂದು ಸಾಲು ಅಳಿಸಿದ ಕ್ಷಣದಲ್ಲಿ ಯಂತ್ರವೇ ಹ್ಯಾಂಗ್ ಆಗಿ ನಿಂತುಬಿಡಬಹುದು. ಯಾರೂ ಉದ್ದೇಶಪಟ್ಟು ಇಟ್ಟದ್ದಲ್ಲ ಇದು. ಪ್ರೋಗ್ರಾಂ ಬರೆಯುವಾಗ ಉಳಿದ ದೋಷ, ಆಟಗಾರರ ಮಾತಿನಲ್ಲಿ ಗ್ಲಿಚ್. ಆಟವಿರುವ ಕಾರ್ಟ್ರಿಡ್ಜ್ ಅಂಗಡಿಗೆ ಬಂದ 34 ವರ್ಷಗಳ ಬಳಿಕ, 2023ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಒಬ್ಬ ಆಟಗಾರ ಆ ಜಾಗವನ್ನು ತಲುಪಿದ.

ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋದಲ್ಲಿ. ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೋವ್ ಅದನ್ನು ಎಲೆಕ್ಟ್ರಾನಿಕಾ 60 ಎಂಬ ಕಂಪ್ಯೂಟರಿನಲ್ಲಿ ಬರೆದರು. ಚಿತ್ರ ಮೂಡಿಸುವ ಶಕ್ತಿಯೇ ಇಲ್ಲದ ಯಂತ್ರವಾದ್ದರಿಂದ ತುಂಡುಗಳನ್ನು ಆವರಣ ಚಿಹ್ನೆಗಳಿಂದ ಕಟ್ಟಿದ್ದರು. ಕರ್ನಾಟಕದ ಊರುಗಳಲ್ಲಿ ತೊಂಬತ್ತರ ದಶಕದಲ್ಲಿ ಮಕ್ಕಳ ಕೈಗೆ ಬಂದ, ಸೆಲ್ ಹಾಕಿ ಆಡುವ ಬ್ರಿಕ್ ಗೇಮ್ ಇದೇ ಆಟದ ಅಗ್ಗದ ರೂಪ. ನಿಂಟೆಂಡೊ ಆವೃತ್ತಿಯ ಆಟದ ಅಂಕಣ ಅಡ್ಡಕ್ಕೆ 10 ಮನೆ, ಉದ್ದಕ್ಕೆ 20 ಮನೆ. ನಾಲ್ಕು ಮನೆಗಳ ಏಳು ಬಗೆಯ ತುಂಡುಗಳು ಬೀಳುತ್ತವೆ. ಸಾಮಾನ್ಯವಾಗಿ ಹತ್ತು ಸಾಲು ಅಳಿಸಿದರೆ ಒಂದು ಹಂತ ಏರುತ್ತದೆ, ಹಂತ ಏರಿದಂತೆ ಬೀಳುವ ವೇಗವೂ ಏರುತ್ತದೆ.

ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗುತ್ತದೆ. ಹೀಗೆ ಮೂಡುವ ಒಂದೊಂದು ಚಿತ್ರವೂ ಒಂದು ಫ್ರೇಮ್. 19ನೇ ಹಂತದಲ್ಲಿ ತುಂಡು ಎರಡು ಫ್ರೇಮಿಗೆ ಒಂದು ಮನೆ ಇಳಿದರೆ, 29ನೇ ಹಂತದಲ್ಲಿ ಪ್ರತಿ ಫ್ರೇಮಿಗೂ ಒಂದು ಮನೆ ಇಳಿಯುತ್ತದೆ. ಮೇಲಿನಿಂದ ತಳಕ್ಕೆ ಬರಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಗುಂಡಿಯನ್ನು ಒತ್ತಿ ಹಿಡಿದರೆ ತುಂಡು ಪಕ್ಕಕ್ಕೆ ಸರಿಯುವುದು ಆರು ಫ್ರೇಮಿಗೊಂದು ಮನೆಯಂತೆ. ಅಂದರೆ ನಡುವಿನಲ್ಲಿ ಹುಟ್ಟಿದ ತುಂಡು ಅಂಚಿಗೆ ಮುಟ್ಟುವ ಮೊದಲೇ ನೆಲ ಕಚ್ಚುತ್ತದೆ. ಹೀಗಾಗಿ ಎರಡು ದಶಕಗಳ ಕಾಲ 29ನೇ ಹಂತವನ್ನೇ ಆಟದ ಕೊನೆ ಎಂದು ಎಲ್ಲರೂ ನಂಬಿದ್ದರು. ಆಟ ಬರೆದವರ ಎಣಿಕೆಯೂ ಬಹುಶಃ ಅದೇ ಆಗಿತ್ತು. 29ರ ನಂತರ ವೇಗ ಹೆಚ್ಚುವುದಿಲ್ಲ. ಹಂತದ ಅಂಕಿ ತೋರಿಸುವ ಪಟ್ಟಿಯೂ ಅಲ್ಲಿಗೇ ಮುಗಿಯುತ್ತದೆ.

ಆ ಪಟ್ಟಿಯೇ ಮೊದಲ ಗ್ಲಿಚ್‌ನ ತವರು. ಕಂಪ್ಯೂಟರ್ ಒಳಗೊಳಗೆ ಎಣಿಸುವುದು ಎರಡರ ಲೆಕ್ಕದಲ್ಲಿ, ಪರದೆಯಲ್ಲಿ ತೋರಿಸಬೇಕಾದ್ದು ಹತ್ತರ ಲೆಕ್ಕದಲ್ಲಿ. ಪ್ರತಿ ಸಲ ಬದಲಾಯಿಸುವ ಕಷ್ಟ ಬೇಡವೆಂದು 00ರಿಂದ 29ರವರೆಗಿನ ಅಂಕಿಗಳನ್ನು ಮೊದಲೇ ಬರೆದು ಮೆಮೊರಿಯಲ್ಲಿ ಸಾಲಾಗಿ ಇಟ್ಟಿದ್ದರು. 30ನೇ ಹಂತಕ್ಕೆ ಹೋದರೆ ಪ್ರೋಗ್ರಾಂ ಪಟ್ಟಿಯ ಆಚೆಗಿನ ಮೊದಲ ಜಾಗವನ್ನು ಓದುತ್ತದೆ. ಅಲ್ಲಿರುವುದು ಇನ್ನೊಂದು ಕೆಲಸಕ್ಕೆ ಇಟ್ಟ ಹತ್ತರ ಮಗ್ಗಿ. ಆದ್ದರಿಂದ 30ನೇ ಹಂತದಲ್ಲಿ ಪರದೆಯ ಮೇಲೆ 00 ಕಾಣುತ್ತದೆ, 31ರಲ್ಲಿ 0ಎ, 32ರಲ್ಲಿ 14. ಇವು 0, 10, 20 ಎಂಬ ಸಂಖ್ಯೆಗಳೇ, ಹದಿನಾರರ ಲೆಕ್ಕದಲ್ಲಿ ಬರೆದವು. ಇದರಿಂದ ಆಟಕ್ಕೆ ಯಾವ ತೊಂದರೆಯೂ ಇಲ್ಲ, ತೋರಿಕೆಯಷ್ಟೇ ತಪ್ಪು.

29ರ ಗೋಡೆಯನ್ನು ಒಡೆದದ್ದು ಆಟಗಾರರ ಬೆರಳು. ಗುಂಡಿಯನ್ನು ಒತ್ತಿ ಹಿಡಿಯುವ ಬದಲು, ಕೈಯನ್ನು ಕಂಪಿಸುತ್ತ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಒತ್ತುವ ವಿಧಾನಕ್ಕೆ ಹೈಪರ್‌ಟ್ಯಾಪಿಂಗ್ ಎಂದು ಹೆಸರು. 1990ರ ನಿಂಟೆಂಡೊ ವಿಶ್ವ ಸ್ಪರ್ಧೆಯಲ್ಲಿ ಗೆದ್ದಿದ್ದ ಥಾರ್ ಆಕರ್ಲಂಡ್, ಸುಮಾರು ಎರಡು ದಶಕಗಳ ನಂತರ ಇದೇ ವಿಧಾನದಿಂದ 30ನೇ ಹಂತ ತಲುಪಿ ತೋರಿಸಿದರು. 2018ರ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 16 ವರ್ಷದ ಜೋಸೆಫ್ ಸೇಲಿ ಏಳು ಬಾರಿಯ ಚಾಂಪಿಯನ್ ಜೋನಸ್ ನ್ಯೂಬಾವರ್ ಅವರನ್ನು ಸೋಲಿಸಿದಾಗ ಈ ವಿಧಾನ ಜಗತ್ತಿಗೆ ಪರಿಚಯವಾಯಿತು. ನಂತರ ಬಂದದ್ದು ರೋಲಿಂಗ್. ಒಂದು ಕೈಯ ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ ಹಿಂಬದಿಯನ್ನು ಒಂದಾದ ಮೇಲೊಂದರಂತೆ ಬಡಿಯುವುದು. ಒಂದು ಸಲ ಕೈ ಉರುಳಿಸಿದರೆ ನಾಲ್ಕು ಒತ್ತು ಬೀಳುತ್ತವೆ, ಕೈ ದಣಿಯುವುದೂ ಕಡಿಮೆ. ವೇಗ 29ರ ನಂತರ ಹೆಚ್ಚದ ಕಾರಣ, ಇದನ್ನು ಕರಗತ ಮಾಡಿಕೊಂಡವರು ಎಷ್ಟು ಹೊತ್ತು ಬೇಕಾದರೂ ಆಡಬಲ್ಲವರಾದರು. ಅಲ್ಲಿಂದ ಮುಂದೆ, 1989ರ ನಂತರ ಯಾರೂ ತಲುಪದ ಹಂತಗಳು ಒಂದೊಂದಾಗಿ ತೆರೆದುಕೊಂಡವು.

138ನೇ ಹಂತದಲ್ಲಿ ಬಣ್ಣಗಳು ಕೆಡುತ್ತವೆ. ಆಟದಲ್ಲಿ ಹತ್ತು ಬಣ್ಣದ ಜೋಡಣೆಗಳಿವೆ. ಹಂತದ ಸಂಖ್ಯೆಯ ಕೊನೆಯ ಅಂಕಿ ಯಾವುದೋ ಆ ಜೋಡಣೆ ಬರುತ್ತದೆ. ಕೊನೆಯ ಅಂಕಿ ತಿಳಿಯಲು ಪ್ರೋಗ್ರಾಂ ಹತ್ತನ್ನು ಮತ್ತೆ ಮತ್ತೆ ಕಳೆಯುತ್ತ ಹೋಗುತ್ತದೆ. ಇನ್ನು ಕಳೆಯಬೇಕೇ ಬೇಡವೇ ಎಂದು ನೋಡುವ ಬಗೆಯಲ್ಲಿ ಎಡವಟ್ಟಿದೆ. ಸಂಖ್ಯೆಯಿಂದ ಹತ್ತು ಕಳೆದಾಗ ಉತ್ತರ ಋಣಸಂಖ್ಯೆಯಾದರೆ, ಅದು ಹತ್ತಕ್ಕಿಂತ ಕಡಿಮೆ ಎಂದು ಪ್ರೋಗ್ರಾಂ ತೀರ್ಮಾನಿಸುತ್ತದೆ. ಎಂಟು ಬಿಟ್‌ನ ಯಂತ್ರದಲ್ಲಿ ಒಂದು ಬೈಟ್ 0ರಿಂದ 255ರವರೆಗೆ ಹಿಡಿಯುತ್ತದೆ. ಆದರೆ ಋಣವೋ ಧನವೋ ಎಂದು ನೋಡುವಾಗ 128 ಮತ್ತು ಅದಕ್ಕೂ ದೊಡ್ಡವೆಲ್ಲ ಋಣವೆಂದೇ ಲೆಕ್ಕ. 137ರಲ್ಲಿ ಹತ್ತು ಕಳೆದರೆ 127, ಎಲ್ಲ ಸರಿ. 138ರಲ್ಲಿ ಕಳೆದರೆ 128. ಯಂತ್ರಕ್ಕೆ ಅದು ಋಣಸಂಖ್ಯೆ! ಹಾಗಾಗಿ 138 ಎಂಬುದು ಹತ್ತಕ್ಕಿಂತ ಚಿಕ್ಕದು ಎಂದು ಬಗೆದು, ಅದನ್ನೇ ಹಿಡಿದುಕೊಂಡು ಬಣ್ಣದ ಪಟ್ಟಿಯ ಹೊರಗೆ ಓದಲು ಹೋಗುತ್ತದೆ. ಅಲ್ಲಿಂದ ಮುಂದೆ ಬಣ್ಣವೇ ಅಲ್ಲದ ಮಾಹಿತಿ ಬಣ್ಣವಾಗಿ ಮೂಡುತ್ತದೆ. ಕೆಲವು ಹಂತಗಳು ಕಣ್ಣಿಗೆ ಹಿತವಾಗಿಯೇ ಇವೆ. ಮುಸ್ಸಂಜೆ ಎಂಬ ಅರ್ಥದ ಹೆಸರು ಪಡೆದ 146, ಇದ್ದಿಲು ಎಂಬ ಹೆಸರು ಪಡೆದ 148ನೇ ಹಂತಗಳಲ್ಲಿ ಮಾತ್ರ ತುಂಡುಗಳು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗಿ, ಕಂಡೂ ಕಾಣದಂತೆ ಬೀಳುತ್ತವೆ. ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ನಿರ್ಧಾರ ತೆಗೆದುಕೊಳ್ಳಬೇಕಾದ ಆಟಗಾರನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನಾವುದೂ ಇರಲಾರದು. ಈ ಎರಡು ಹಂತಗಳು ಎಷ್ಟೋ ಒಳ್ಳೆಯ ಆಟಗಳನ್ನು ಮುಗಿಸಿವೆ.

ಇನ್ನು ಆಟವನ್ನೇ ನಿಲ್ಲಿಸುವ ದೋಷ. ಅದರ ಬೇರು ಅಂಕ ಕೂಡಿಸುವ ಜಾಗದಲ್ಲಿದೆ. ಒಂದು ಸಾಲು ಅಳಿಸಿದರೆ 40, ಎರಡಕ್ಕೆ 100, ಮೂರಕ್ಕೆ 300, ನಾಲ್ಕಕ್ಕೆ 1200. ಇವನ್ನು ಹಂತದ ಸಂಖ್ಯೆಗೆ ಒಂದು ಸೇರಿಸಿ ಗುಣಿಸಬೇಕು. ಎನ್‌ಇಎಸ್‌ನ ಪ್ರೊಸೆಸರ್‌ಗೆ ಗುಣಾಕಾರದ ಆಜ್ಞೆ ಇಲ್ಲ. ಆದ್ದರಿಂದ ಮತ್ತೆ ಮತ್ತೆ ಕೂಡಿಸುವುದೇ ದಾರಿ: 157ನೇ ಹಂತದಲ್ಲಿ ಒಂದು ಸಾಲು ಅಳಿಸಿದರೆ 40ನ್ನು 158 ಸಲ ಕೂಡಬೇಕು. ಸಾಲದ್ದಕ್ಕೆ ಅಂಕವನ್ನು ಹತ್ತರ ಲೆಕ್ಕದಲ್ಲೇ, ಅಂಕಿಗೊಂದು ಅರ್ಧ ಬೈಟ್‌ನಂತೆ ಇಟ್ಟಿದ್ದಾರೆ. ಇಂಥ ಲೆಕ್ಕವನ್ನು ಸರಿಪಡಿಸಲು ಹಲವು ಪ್ರೊಸೆಸರ್‌ಗಳಲ್ಲಿ ಪ್ರತ್ಯೇಕ ಸೌಲಭ್ಯವಿರುತ್ತದೆ. ನಮ್ಮ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿಗಳು 8085ರ ಪಾಠದಲ್ಲಿ ಕಲಿಯುವ ಡಿಎಎ ಆಜ್ಞೆ ಅಂಥದ್ದು. ಎನ್‌ಇಎಸ್‌ಗೆ ಆಧಾರವಾದ 6502ರಲ್ಲೂ ದಶಮಾನ ಲೆಕ್ಕದ ಸೌಲಭ್ಯವಿತ್ತು. ಎನ್‌ಇಎಸ್‌ಗಾಗಿ ರಿಕೋ ಕಂಪನಿ ತಯಾರಿಸಿದ ಚಿಪ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ರತಿ ಕೂಡಿಕೆಯ ನಂತರವೂ ಅಂಕಿ ಒಂಬತ್ತನ್ನು ಮೀರಿತೇ, ದಶಕ ಮುಂದಕ್ಕೆ ಒಯ್ಯಬೇಕೇ ಎಂದು ಪ್ರೋಗ್ರಾಂ ಒಂದೊಂದಾಗಿ ಪರೀಕ್ಷಿಸಬೇಕು. ಹಂತ ಏರಿದಂತೆ ಈ ಕೆಲಸ ಉದ್ದವಾಗುತ್ತ ಹೋಗುತ್ತದೆ.

ಆ ಉದ್ದಕ್ಕೆ ಒಂದು ಮಿತಿಯಿದೆ. ಪ್ರೊಸೆಸರ್‌ಗೆ ಒಂದು ಫ್ರೇಮಿನಲ್ಲಿ ಸಿಗುವುದು ಹೆಚ್ಚುಕಡಿಮೆ 29,780 ಗಡಿಯಾರದ ಮಿಡಿತಗಳು. ಫ್ರೇಮ್ ಮುಗಿಯುತ್ತಲೇ ಚಿತ್ರದ ಚಿಪ್‌ನಿಂದ ತಡೆಯಲಾಗದ ಒಂದು ಕರೆ ಬರುತ್ತದೆ. ಪ್ರೊಸೆಸರ್ ಏನು ಮಾಡುತ್ತಿದ್ದರೂ ಬಿಟ್ಟು, ಪರದೆಯ ಕೆಲಸ ಮುಗಿಸಿ, ಮತ್ತೆ ಬಿಟ್ಟ ಜಾಗಕ್ಕೆ ಮರಳಬೇಕು. ಸಾಮಾನ್ಯವಾಗಿ ಆ ಹೊತ್ತಿಗೆ ಆಟದ ಲೆಕ್ಕವೆಲ್ಲ ಮುಗಿದು ಪ್ರೊಸೆಸರ್ ಸುಮ್ಮನೆ ಕಾಯುತ್ತಿರುತ್ತದೆ. 155ನೇ ಹಂತದ ಆಸುಪಾಸಿನಿಂದ ಮಾತ್ರ ಲೆಕ್ಕ ಇನ್ನೂ ನಡೆದಿರುವಾಗಲೇ ಕರೆ ಬರಬಹುದು. ಬಂದರೂ ಹೆಚ್ಚಿನ ಸಲ ಅನಾಹುತವೇನಿಲ್ಲ, ಮರಳಿ ಬಂದು ಕೆಲಸ ಮುಂದುವರಿಸಬಹುದು. ಅಪಾಯ ಇರುವುದು ಒಂದು ಪುಟ್ಟ ಘಟ್ಟದಲ್ಲಿ. ಮುಂದಿನ ಕೆಲಸದ ವಿಳಾಸವನ್ನು ಪಟ್ಟಿಯಿಂದ ತೆಗೆದು, ಮೆಮೊರಿಯ ಎರಡು ಬೈಟ್‌ಗಳಲ್ಲಿ ತಾತ್ಕಾಲಿಕವಾಗಿ ಬರೆದಿಟ್ಟು, ಅಲ್ಲಿಗೆ ಜಿಗಿಯುವ ಒಂದು ಉಪಪ್ರೋಗ್ರಾಂ ಇದೆ. ಆಟದ ಲೆಕ್ಕಕ್ಕೂ ಪರದೆಯ ಕೆಲಸಕ್ಕೂ ಅದೊಂದೇ, ಆ ಎರಡು ಬೈಟ್‌ಗಳೂ ಅವೇ. ಒಂದು ಅಂಗಡಿಯಲ್ಲಿ ಇಬ್ಬರು ಆಳುಗಳಿಗೆ ಒಂದೇ ಸ್ಲೇಟು ಇದ್ದಂತೆ: ಮೊದಲನೆಯವನು ತಾನು ಹೋಗಬೇಕಾದ ಮನೆಯ ನಂಬರು ಬರೆದಿಟ್ಟು ಅತ್ತ ತಿರುಗಿದಾಗ, ಎರಡನೆಯವನು ಅದನ್ನು ಒರೆಸಿ ತನ್ನದನ್ನು ಬರೆದರೆ, ಮೊದಲನೆಯವನು ಹೋಗುವುದು ತಪ್ಪು ಮನೆಗೆ. ಕರೆ ಸರಿಯಾಗಿ ಆ ಘಟ್ಟದಲ್ಲಿ ಬಿದ್ದರೆ ಪ್ರೊಸೆಸರ್ ಆಜ್ಞೆಗಳೇ ಇಲ್ಲದ ಜಾಗಕ್ಕೆ ಜಿಗಿದು, ಅಲ್ಲಿರುವ ಮಾಹಿತಿಯನ್ನೇ ಆಜ್ಞೆಯೆಂದು ಓದತೊಡಗುತ್ತದೆ. ಆಟ ಸತ್ತಂತೆಯೇ.

ಕರೆ ಯಾವ ಘಳಿಗೆಯಲ್ಲಿ ಬೀಳುತ್ತದೆ ಎಂಬುದು ಹಂತ ಯಾವುದು, ಎಷ್ಟು ಸಾಲು ಒಟ್ಟಿಗೆ ಅಳಿದವು ಎಂಬಂಥ ಹಲವು ಸಂಗತಿಗಳ ಮೇಲೆ ನಿಂತಿದೆ. ಒಂದು ಹಂತದಲ್ಲಿ ಒಂಟಿ ಸಾಲು ಅಪಾಯಕಾರಿಯಾದರೆ ಇನ್ನೊಂದರಲ್ಲಿ ಅಲ್ಲದಿರಬಹುದು. ಇದನ್ನು ಮೊದಲು ಕಂಡದ್ದು ಆಟಗಾರರಲ್ಲ. ಸ್ಟ್ಯಾಕ್‌ರ್ಯಾಬಿಟ್ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಸ್ವಲ್ಪ ಮಾರ್ಪಡಿಸಿದ ಆಟದಲ್ಲಿ 237ನೇ ಹಂತದವರೆಗೆ ಹೋದಾಗ ಆಟ ಕ್ರ್ಯಾಶ್ ಆಯಿತು. ಆ ಬಳಿಕ ಆಸಕ್ತರು ಕಾರ್ಟ್ರಿಡ್ಜ್‌ನ ಯಂತ್ರಭಾಷೆಯನ್ನು ಬಿಡಿಸಿ ಓದಿ, ಯಾವ ಹಂತದಲ್ಲಿ ಯಾವ ಬಗೆಯ ಸಾಲು ಅಳಿಸಿದರೆ ಆಟ ನಿಲ್ಲುತ್ತದೆ ಎಂಬ ಪಟ್ಟಿಗಳನ್ನೇ ಮಾಡಿದರು. ಸ್ಪರ್ಧೆಯ ಗುರಿ ಅಲ್ಲಿಂದ ಬದಲಾಯಿತು: ಅಂಕ ಗಳಿಸುವುದಲ್ಲ, ಆಟವನ್ನೇ ಸೋಲಿಸುವುದು.

2023ರ ಡಿಸೆಂಬರ್ 21ರಂದು, ಅಮೆರಿಕದ ಒಕ್ಲಹೋಮಾ ರಾಜ್ಯದ 13 ವರ್ಷದ ವಿಲ್ಲಿಸ್ ಗಿಬ್ಸನ್ ಅದನ್ನು ಸಾಧಿಸಿದ. ಆಟಗಾರರ ನಡುವೆ ಅವನ ಹೆಸರು ಬ್ಲೂ ಸ್ಕೂಟಿ. 18ನೇ ಹಂತದಿಂದ ಆರಂಭಿಸಿದರೆ ಮೊದಲ ಏರಿಕೆಗೆ 130 ಸಾಲು, ಆಮೇಲೆ ಪ್ರತಿ ಹಂತಕ್ಕೂ ಹತ್ತು ಸಾಲು ಬೇಕು. ಆ ಲೆಕ್ಕದಲ್ಲಿ 157ನೇ ಹಂತ ಬರುವುದು 1510 ಸಾಲು ಅಳಿಸಿದ ಮೇಲೆ. ಗಿಬ್ಸನ್‌ನ ಆಟ ನಿಂತದ್ದು 1511ರಲ್ಲಿ, ಸುಮಾರು 38 ನಿಮಿಷ ಬಿಡುವಿಲ್ಲದೆ ಆಡಿದ ನಂತರ. ಈ ಸಾಧನೆಯನ್ನು ಅವನು ಅದೇ ತಿಂಗಳು ತೀರಿಕೊಂಡಿದ್ದ ತನ್ನ ತಂದೆಗೆ ಅರ್ಪಿಸಿದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಂತದ ಸಂಖ್ಯೆಯೂ ಒಂದೇ ಬೈಟ್‌ನಲ್ಲಿರುವುದರಿಂದ 255ರ ನಂತರ ಅದು ಸೊನ್ನೆಗೆ ಮರಳಬೇಕು. ಇದಕ್ಕೆ ಆಟಗಾರರು ಪುನರ್ಜನ್ಮ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ದಾರಿಯಲ್ಲಿ ಇನ್ನೊಂದು ಲೆಕ್ಕದ ದೋಷವಿದೆ: 235ನೇ ಹಂತ ದಾಟಲು ಹತ್ತಲ್ಲ, 810 ಸಾಲು ಅಳಿಸಬೇಕು. 2024ರ ಅಕ್ಟೋಬರ್‌ನಲ್ಲಿ 16 ವರ್ಷದ ಮೈಕಲ್ ಆರ್ಟಿಯಾಗ, ಕ್ರ್ಯಾಶ್ ಆಗದಂತೆ ತಿದ್ದಿದ ಆವೃತ್ತಿಯಲ್ಲಿ ಇದೆಲ್ಲವನ್ನೂ ದಾಟಿ ಸೊನ್ನೆಗೆ ಮರಳಿದ. ಅದೇ ವರ್ಷ ತಜ್ಞರು ಈ ಕ್ರ್ಯಾಶ್ ಅನ್ನೇ ಪಳಗಿಸುವ ದಾರಿಯನ್ನೂ ವಿವರಿಸಿದರು. ದಾರಿ ತಪ್ಪಿದ ಪ್ರೊಸೆಸರ್ ಅಧಿಕ ಅಂಕಗಳ ಪಟ್ಟಿಗೆ ಬರುವಂತೆ ಮಾಡಿದರೆ, ಅಲ್ಲಿ ಆಟಗಾರ ದಾಖಲಿಸಿದ ಹೆಸರು ಮತ್ತು ಅಂಕಗಳೇ ಆಜ್ಞೆಗಳಾಗಿ ಕೆಲಸ ಮಾಡುತ್ತವೆ. ಅಂದರೆ ಕಾರ್ಟ್ರಿಡ್ಜ್ ಬಿಚ್ಚದೆ, ಆಡುತ್ತಲೇ ಆಟವನ್ನು ತಿದ್ದಬಹುದು.

ಈ ದೋಷವನ್ನು ಅಜಾಗರೂಕತೆ ಎಂದು ಕರೆಯುವುದು ನ್ಯಾಯವಲ್ಲ. ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ತಾತ್ಕಾಲಿಕ ಜಾಗವನ್ನು ಹಂಚಿಕೊಂಡದ್ದು ಅಂದಿಗೆ ಬುದ್ಧಿವಂತಿಕೆಯೇ, ಮತ್ತು ಯಾವ ಮನುಷ್ಯನೂ 29ರ ಆಚೆ ಹೆಚ್ಚು ಹೊತ್ತು ಉಳಿಯಲಾರ ಎಂಬುದು ಅಂದಿನ ಮಟ್ಟಿಗೆ ಸರಿಯಾದ ಅಂದಾಜು. ಇಡೀ ಪ್ರೋಗ್ರಾಂ 32 ಕಿಲೋಬೈಟ್‌ನೊಳಗೆ ಇದೆ. ಆಸಕ್ತರು ಬಿಡಿಸಿ ಟಿಪ್ಪಣಿ ಬರೆದ ಪ್ರತಿ ಎಲ್ಲರಿಗೂ ಸಿಗುತ್ತದೆ. ಅಸೆಂಬ್ಲಿ ಭಾಷೆ ಕಲಿಯುತ್ತಿರುವ ವಿದ್ಯಾರ್ಥಿಗಳು ಅಂಕ ಕೂಡಿಸುವ ಭಾಗವೊಂದನ್ನಾದರೂ ತೆರೆದು, ಸಾಲುಸಾಲಾಗಿ ಓದಿ ನೋಡಬೇಕು.