ನಂಬರ್ ಯಾರು ಕೊಟ್ರು?

ನಾರಾಯಣಪುರಕ್ಕೆ ನಾನು ಹೋಗಿದ್ದು ನೀರು ನೋಡಲು. ಬಸವಸಾಗರ ತುಂಬಿದೆ, ಗೇಟು ಎತ್ತಿದ್ದಾರೆ ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಕೂರಲಾಗದ ಜಾಯಮಾನ ನನ್ನದು. ಮೂವತ್ತು ಗೇಟುಗಳ ಆ ಅಣೆಕಟ್ಟಿನ ಮುಂದೆ ನಿಂತು ಮುಖಕ್ಕೆ ತುಂತುರು ಹೊಡೆಸಿಕೊಂಡು ಬಂದು, ಅದರ ಬಗ್ಗೆಯೇ ಈ ಪುಟ ತುಂಬಿಸುವ ಲೆಕ್ಕಾಚಾರವಿತ್ತು. ಆದರೆ ವಾಪಸ್ ಬಸ್ ಹತ್ತಿದಾಗ ತಲೆಯಲ್ಲಿ ಉಳಿದದ್ದು ಕೃಷ್ಣೆಯಲ್ಲ, ಇನ್ನೂರು ಪುಟದ ಒಂದು ಗಣಿತದ ನೋಟ್‌ಬುಕ್.

ಅದರ ಒಡತಿ ನನ್ನ ಸ್ನೇಹಿತನ ಪಕ್ಕದ ಮನೆಯ ಅಕ್ಕ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಗಂಡ ಬೆಂಗಳೂರಿಗೆ ದುಡಿಯಲು ಹೋದವರು, ಸೆಂಟ್ರಿಂಗ್ ಕೆಲಸ. ಗೆಳೆಯನ ಬೈಕಿನ ಹಿಂದೆ ಕೂತು ಊರಿಗೆ ಬರುವಾಗ ಬೇರೆ ಜಿಲ್ಲೆಯ ಹೆದ್ದಾರಿಯಲ್ಲಿ ಲಾರಿ ತಗುಲಿತು. ಬಲಗಾಲು ಎರಡು ಕಡೆ ಮುರಿದು ರಾಡ್ ಬಿತ್ತು. ಇಪ್ಪತ್ತೊಂದು ದಿನ ಆಸ್ಪತ್ರೆ. ಆ ದಿನಗಳಲ್ಲೂ ಆಮೇಲಿನ ಮೂರು ತಿಂಗಳಲ್ಲೂ ‘ಪರಿಹಾರ ಕೊಡಿಸ್ತೀವಿ’ ಎಂದು ಕರೆಯದೆ ಬಂದವರು, ಫೋನ್ ಹಚ್ಚಿದವರು ಒಟ್ಟು ಹನ್ನೊಂದು ಮಂದಿ. ಅಷ್ಟೂ ಜನರ ಜಾತಕ ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿದೆ.

ಅಕ್ಕ ಓದಿದ್ದು ಎರಡನೇ ಇಯತ್ತೆ. ಹೇಳುವುದು ಅವರು, ಬರೆಯುವುದು ಎಂಟನೇ ತರಗತಿಯ ಮಗಳು. ಸ್ಕೇಲ್ ಇಟ್ಟು ಗೆರೆ ಎಳೆದ ನಾಲ್ಕು ಕಾಲಂ: ತಾರೀಖು, ಯಾರು, ಏನಂದ್ರು, ನಂಬರ್ ಯಾರು ಕೊಟ್ರು.

ಈ ನಾಲ್ಕನೇ ಕಾಲಮ್ಮಿಗೆ ನಾನು ಮಾರುಹೋದೆ. “ಮೊದಲ್ನೇದಾವ ಬಂದಾಗ ನಂಗ ಇದೇ ಹೊಳೀತ್ರಿ. ನಾವು ಯಾರಿಗೂ ಹೇಳಿಲ್ಲ, ನಮ್ಮ ಅಣ್ಣ ತಮ್ಮಗೋಳಿಗೇ ಇನ್ನಾ ಗೊತ್ತಿಲ್ಲ, ಇವಗ ಹ್ಯಾಂಗ ಗೊತ್ತಾತು? ಅದಕ್ಕ ಎಲ್ಲಾರಿಗೂ ಅದೊಂದೇ ಕೇಳ್ಕೋಂತ ಹೋದೆ” ಎಂದರು ಅಕ್ಕ.

ಮೊದಲನೆಯ ನಮೂದು ಆಸ್ಪತ್ರೆಯ ಎರಡನೇ ದಿನದ್ದು. ‘ಯಾರು’ ಎಂಬಲ್ಲಿ ‘ಬಿಳಿ ಅಂಗಿ, ಬಾಳೆಹಣ್ಣು ಅರ್ಧ ಡಜನ್’. ‘ಏನಂದ್ರು’ ಎಂಬಲ್ಲಿ ‘ಒಂದು ರೂಪಾಯಿ ಖರ್ಚಿಲ್ಲ, ಇಲ್ಲಿ ಸೈನ್ ಮಾಡ್ರಿ’. ನಾಲ್ಕನೇ ಕಾಲಮ್ಮಿನಲ್ಲಿ ‘ನಕ್ಕ’. ಮೂರನೆಯವನು ಬಂದ ರೊಕ್ಕದಲ್ಲಿ ನೂರಕ್ಕೆ ಮೂವತ್ತು ಕೇಳಿದ್ದಾನೆ. ಆರನೆಯವನು ಕೇಸು ಅಪಘಾತವಾದ ಜಿಲ್ಲೆಯಲ್ಲೇ ಹಾಕಬೇಕು, ನೀವು ಓಡಾಡಲಾರಿರಿ, ನನಗೆ ಬಿಡಿ ಎಂದಿದ್ದಾನೆ. ಎಂಟನೆಯದು ಹೆಣ್ಣುಧ್ವನಿ, ಹಿಂದಿ ಬೆರೆತ ಕನ್ನಡ: ‘ನಿಮ್ಮ ಕ್ಲೇಮ್ ಪಾಸಾಗಿದೆ, ಫೈಲ್ ಚಾರ್ಜ್ 3,500 ಕಳಿಸಿ’. ಆಗಿನ್ನೂ ಕೇಸೇ ದಾಖಲಾಗಿರಲಿಲ್ಲ! ಒಂಬತ್ತನೆಯವನು ಅಕ್ಕನ ಸೋದರಮಾವನ ಅಳಿಯ. ನಾಲ್ಕನೇ ಕಾಲಂ: ‘ನಂಬರ್ ಮೊದಲಿಂದ ಅದ ಅಂದ’.

ಈ ಪ್ರಶ್ನೆಗೆ ಅರ್ಧ ಉತ್ತರ ನನಗೆ ಗೊತ್ತಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಆದೇಶಿಸಿತು. ಆರೋಪಿ ಕತ್ತಲಲ್ಲಿರಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ಆದೇಶವೇ. ಆದರೆ ಎಫ್‌ಐಆರ್‌ನಲ್ಲಿ ದೂರು ಕೊಟ್ಟವರ ಹೆಸರು, ವಿಳಾಸ, ಗಾಡಿಯ ನಂಬರು, ಎಲ್ಲಿ ಬಿದ್ದರು ಎಂಬುದೆಲ್ಲ ಇರುತ್ತದೆ. ಬೆಳಗಿನ ಚಹಾಕ್ಕೆ ಮುಂಚೆ ಅದನ್ನೇ ಜಾಲಾಡುವವನಿಗೆ ಅದು ಗಿರಾಕಿಗಳ ಪಟ್ಟಿ. ಉಳಿದರ್ಧ ಉತ್ತರ ಎಲ್ಲರೂ ಬಲ್ಲದ್ದು: ಆಂಬುಲೆನ್ಸು, ವಾರ್ಡು, ಗೇಟಿನ ಕುರ್ಚಿ. ಅಲ್ಲಿ ಯಾರ ಕಿಸೆಗೆ ಎಷ್ಟು ಹೋಗುತ್ತದೆ ಎಂಬುದಕ್ಕೆ ರಸೀದಿ ಇರುವುದಿಲ್ಲ.

ಇಷ್ಟೆಲ್ಲ ಯಾಕೆ ಓಡುತ್ತಾರೆ ಎಂದು ತಿಳಿಯಲು ಅದೇ ನೋಟ್‌ಬುಕ್ಕಿನಲ್ಲಿ ನಾನೂ ಒಂದು ಲೆಕ್ಕ ಮಾಡಿದೆ. ಗಂಡನ ವಯಸ್ಸು 34. ದುಡಿಮೆ ತಿಂಗಳಿಗೆ ಹತ್ತು ಸಾವಿರ ಎಂದು ಲೆಕ್ಕಕ್ಕಷ್ಟೇ ಇಟ್ಟುಕೊಳ್ಳೋಣ. ದುಡಿಯುವ ಶಕ್ತಿ ನೂರಕ್ಕೆ ಇಪ್ಪತ್ತು ಕಡಿಮೆಯಾಯಿತು ಎನ್ನೋಣ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪರಿಹಾರ ಕೋಷ್ಟಕದಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16. ಹತ್ತು ಸಾವಿರವನ್ನು ಹನ್ನೆರಡರಿಂದ, ಹದಿನಾರರಿಂದ ಗುಣಿಸಿ ಅದರಲ್ಲಿ ಐದನೇ ಒಂದು ಪಾಲು ತೆಗೆದರೆ 3,84,000 ರೂಪಾಯಿ. ಔಷಧಿ, ನೋವು, ಮಲಗಿದ ತಿಂಗಳುಗಳ ಕೂಲಿ ಇದಕ್ಕೆ ಮೇಲು. ಮೂರನೆಯವನ ಮೂವತ್ತು ಪರ್ಸೆಂಟು ಇದೊಂದರಲ್ಲೇ 1,15,200. ಮಗಳು ಗುಣಾಕಾರ ಸರಿನೋಡಿ ಪಕ್ಕದಲ್ಲಿ ಟಿಕ್ ಹಾಕಿದಳು.

ಇಪ್ಪತ್ತು ನಲವತ್ತಾದರೆ ಮೊತ್ತವೂ ಇಮ್ಮಡಿ. ಐದನೆಯವನು ಕಟ್ಟಿದ ಆಸೆ ಇದೇ: ‘ಡಾಕ್ಟರ್ ನಮ್ಮವರು ಅದಾರ, ಪರ್ಸೆಂಟೇಜ್ ಏರಿಸಿ ಬರಸ್ತೀವಿ’. ಚಿಕಿತ್ಸೆಯನ್ನೇ ಕೊಡದ ವೈದ್ಯರು ಸಿದ್ಧಉಡುಪಿನಂತೆ ಕೊಡುವ ಅಂಗವೈಕಲ್ಯ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಾಗಿರಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ, ರಾಜಕುಮಾರ್ ಪ್ರಕರಣದಲ್ಲಿ, ನ್ಯಾಯಮಂಡಳಿಗಳಿಗೆ ಹೇಳಿದೆ. ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಸರಳಾ ವರ್ಮಾ ತೀರ್ಪಿನ ಕೋಷ್ಟಕವೂ ಅವರದೇ. ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದವರು ಎಂದು ಹೇಳಿಕೊಳ್ಳುವ ಚಪಲ ನನಗಿದೆ. ದೇಶದ ಅಪಘಾತ ಪರಿಹಾರದ ಮಗ್ಗಿ ಬರೆದವರು ಅವರು.

ಇನ್ನು ಪಾಲಿನ ಮಾತು. ಗೆದ್ದರೆ ಇಷ್ಟು ಪಾಲು ಎಂದು ಫೀಜು ಗೊತ್ತು ಮಾಡಿಕೊಳ್ಳುವಂತಿಲ್ಲ ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ ನಿಯಮ 20. ಜಾಹೀರಾತಿನಿಂದಾಗಲಿ ದಲ್ಲಾಳಿಯಿಂದಾಗಲಿ ಕೆಲಸ ಹುಡುಕುವಂತಿಲ್ಲ ಎನ್ನುತ್ತದೆ ನಿಯಮ 36. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ತೆಲಂಗಾಣದ ಮಹಿಳೆಯೊಬ್ಬರ ಪ್ರಕರಣದಲ್ಲಿ, ಬಂದ ಪರಿಹಾರದ ಮೇಲೆ ಶೇಕಡಾವಾರು ಫೀಜು ಕೇಳುವುದು ವೃತ್ತಿ ದುರ್ನಡತೆ ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿತು. ಇದನ್ನೆಲ್ಲ ನಾನು ಗತ್ತಿನಿಂದ ವಿವರಿಸಿದರೆ ಅಕ್ಕ ಕೇಳಿದ್ದು ಒಂದೇ: “ವಕೀಲರಿಗೆ ಆತ್ರಿ. ಈ ಬಾಳೆಹಣ್ಣಿನವಗ ಏನು ಕಾನೂನದ?”

ಇದೆ. ಆ ಕಾನೂನು ಓದಿದಾಗಿನಿಂದ ನನಗೆ ನಗು ತಡೆಯಲಾಗುತ್ತಿಲ್ಲ, ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು. 1879ರಲ್ಲಿ ಬ್ರಿಟಿಷರು ವಕೀಲಿ ವೃತ್ತಿಗೊಂದು ಕಾಯ್ದೆ ಮಾಡಿದರು. ಆಗ ಸುರಪುರ ಸೀಮೆ ನಿಜಾಮರದು, ಇಲ್ಲಿಗೆ ಅದರ ಗಾಳಿಯೂ ಸೋಕಿರಲಿಲ್ಲ. ಅದರಲ್ಲಿ ‘ಟೌಟ್’ ಎಂಬ ದಲ್ಲಾಳಿಯ ವ್ಯಾಖ್ಯೆ ಬಂತು. ದುಡ್ಡು ತಗೊಂಡು ವಕೀಲರಿಗೆ ಕೇಸು ಹಿಡಿದುಕೊಡುವವನು. ಅದಕ್ಕಾಗಿ ಕೋರ್ಟಿನ ಆವರಣ, ಕಂದಾಯ ಕಚೇರಿ, ರೈಲು ನಿಲ್ದಾಣ, ದೋಣಿಗಟ್ಟೆ, ವಸತಿಗೃಹಗಳಲ್ಲಿ ಸುಳಿದಾಡುವವನು. 2023ರಲ್ಲಿ ಸಂಸತ್ತು ಆ ಹಳೆಯ ಕಾಯ್ದೆಯನ್ನು ರದ್ದು ಮಾಡಿ, ದಲ್ಲಾಳಿಯ ಕಲಮನ್ನು ಮಾತ್ರ ಎತ್ತಿ ವಕೀಲರ ಕಾಯ್ದೆಗೆ 45ಎ ಎಂದು ಅಂಟಿಸಿತು. 2024ರ ಸೆಪ್ಟೆಂಬರ್ 30ರಿಂದ ಅದು ಜಾರಿಯಲ್ಲಿದೆ. ದೋಣಿಗಟ್ಟೆ ಹಾಗೆಯೇ ಉಳಿದಿದೆ! ಆಸ್ಪತ್ರೆಯ ಹೆಸರಿಲ್ಲ, ಮೊಬೈಲಿನ ಸೊಲ್ಲಿಲ್ಲ. ‘ಸಾರ್ವಜನಿಕರು ಸೇರುವ ಇತರ ಜಾಗ’ ಎಂಬ ಕೊನೆಯ ಮಾತಿನೊಳಗೆ ವಾರ್ಡನ್ನು ಹೇಗೋ ತೂರಿಸಬಹುದು. ಫೋನನ್ನು ತೂರಿಸುವುದು ಹೇಗೆ?

ಅಣೆಕಟ್ಟಿನ ಕೆಳಗೆ ನೀಲಕಂಠರಾಯನ ಗಡ್ಡಿಯಂಥ ನಡುಗಡ್ಡೆಗಳಿರುವ ಈ ಸೀಮೆಯಲ್ಲಿ ದೋಣಿಗಟ್ಟೆ ಹಾಸ್ಯದ ಮಾತಲ್ಲ, ಒಪ್ಪುತ್ತೇನೆ. ನೀರು ಬಿಟ್ಟಾಗ ಆ ಊರಿನವರ ಪಾಡು ಪ್ರತಿ ಮಳೆಗಾಲದ ಸುದ್ದಿ. ಆದರೆ ಹರಿಗೋಲು ಇಳಿಯುವವರಿಗಾಗಿ ಕಾದು ನಿಂತ ಕ್ಲೇಮ್ ಏಜೆಂಟನ ಚಿತ್ರ ನೆನೆದಾಗೆಲ್ಲ ನಗು ಬರುತ್ತದೆ.

ಶಿಕ್ಷೆಯ ಕಥೆ ಇನ್ನೂ ಸೊಗಸು. ಹೈಕೋರ್ಟ್ ಅಥವಾ ಜಿಲ್ಲಾ ನ್ಯಾಯಾಧೀಶರಂಥವರು ಮೊದಲು ದಲ್ಲಾಳಿಗಳ ಪಟ್ಟಿ ಮಾಡಬೇಕು. ಸೇರಿಸುವ ಮುನ್ನ ಅವನ ಮಾತು ಕೇಳಬೇಕು. ಪಟ್ಟಿಯನ್ನು ನ್ಯಾಯಾಲಯದಲ್ಲಿ ತೂಗುಹಾಕಬೇಕು. ಹೆಸರು ತೂಗಾಡುತ್ತಿರುವಾಗಲೂ ಅವನು ದಲ್ಲಾಳಿತನ ಮಾಡಿ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಕಾಯ್ದೆಯಲ್ಲೂ ಅದೇ ಐನೂರು, ಹೊಸದರಲ್ಲೂ ಅದೇ ಐನೂರು. ಆಗ ಐನೂರು ರೂಪಾಯಿಗೆ ಬೆಲೆಯಿತ್ತು, ಈಗ ಅದು ಕೆಲವು ಡಜನ್ ಬಾಳೆಹಣ್ಣಿನ ರೊಕ್ಕ. ಇಂಗ್ಲೆಂಡಿನಲ್ಲಿ 2018ರ ಸೆಪ್ಟೆಂಬರಿನಿಂದ, ಒಪ್ಪಿಗೆಯಿಲ್ಲದೆ ಪರಿಹಾರ ಕೊಡಿಸುತ್ತೇವೆಂದು ಫೋನ್ ಮಾಡುವುದನ್ನೇ ಕಂಪನಿಗಳಿಗೆ ನಿಷೇಧಿಸಿದರು. ಆಗ ಅಲ್ಲಿನ ಗರಿಷ್ಠ ದಂಡ ಐದು ಲಕ್ಷ ಪೌಂಡ್. ಅಂಕಿಯೊಂದೇ, ಸೊನ್ನೆಗಳು ಬೇರೆ.

ಕಟ್ಟೆಯ ಮೇಲೆ ಕೂತಿದ್ದ ಅಕ್ಕನ ಮಾವನವರು ಇಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದರು. ಈ ಕಡೆಯ ಹಿರಿಯರಿಗೆ ‘ಪರಿಹಾರ’ ಎಂಬ ಶಬ್ದ ಕಲಿಸಿದ್ದು ರಸ್ತೆಯಲ್ಲ, ಡ್ಯಾಮು. ಭೂಮಿ ಮುಳುಗಿದವರು, ಕಾಲುವೆಗೆ ಹೊಲ ಕೊಟ್ಟವರು ಕಡಿಮೆ ಬಂತೆನಿಸಿದರೆ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗಲು 1894ರ ಭೂಸ್ವಾಧೀನ ಕಾಯ್ದೆಯಲ್ಲಿ ದಾರಿಯಿತ್ತು. ದಾರಿಯಿದ್ದಲ್ಲಿ ದಾರಿ ತೋರಿಸುವವರು ಹುಟ್ಟುತ್ತಾರೆ. “ಅವಾಗ ಚಾದಂಗಡ್ಯಾಗ ಕುಂತು ಕರೀತಿದ್ರು, ಈಗ ಫೋನಿನ್ಯಾಗ ಬರ್ತಾರ. ಖಾಲಿ ಕಾಗದ ಮಾತ್ರ ಅದಾ ನೋಡ್ರಿ” ಎಂದರು ಅಜ್ಜ.

ಖಾಲಿ ಕಾಗದ. ಹನ್ನೊಂದರಲ್ಲಿ ಏಳು ನಮೂದುಗಳಲ್ಲಿ ಅದು ಬರುತ್ತದೆ. ಖಾಲಿ ವಕಾಲತ್ತು, ಖಾಲಿ ಬಾಂಡ್, ಎರಡು ಕಡೆ ಖಾಲಿ ಚೆಕ್ಕು. ಅಕ್ಕ ಯಾವುದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲ, ಅಸಲು ಕಾಗದ ಯಾರ ಕೈಗೂ ಕೊಡಲಿಲ್ಲ. ಎಫ್‌ಐಆರ್, ಪಂಚನಾಮೆ, ಡಿಸ್ಚಾರ್ಜ್ ಕಾಗದ, ಔಷಧಿ ಚೀಟಿಗಳೆಲ್ಲ ರಸಗೊಬ್ಬರದ ಚೀಲದಲ್ಲಿ ಸುತ್ತಿ ಜೋಳದ ಡಬ್ಬಿಯೊಳಗೆ ಇಟ್ಟಿದ್ದರು. ಅದಕ್ಕಿಂತ ಭದ್ರವಾದ ಲಾಕರ್ ನಾನು ಕಂಡಿಲ್ಲ.

ಏಜೆಂಟರನ್ನು ಬರೀ ಬೈದು ಮುಗಿಸಲು ಮಾತ್ರ ಅಕ್ಕ ಬಿಡಲಿಲ್ಲ. ನಾಲ್ಕನೆಯವನ ಸಾಲಿನ ಮೇಲೆ ಬೆರಳಿಟ್ಟು, “ಖರೇ ಹೇಳ್ಬೇಕಂದ್ರ ಎಂಎಲ್‌ಸಿ ಅಂದ್ರೇನು, ಆಸ್ಪತ್ರ್ಯಾಗ ಅದನ್ನ ಬರಸ್ಬೇಕು ಅಂತ ಹೇಳಿಕೊಟ್ಟಾವ ಇವನಾ” ಎಂದರು. ಎಂಎಲ್‌ಸಿ ಎಂದರೆ ಇಂಥ ಗಾಯಕ್ಕೆ ಆಸ್ಪತ್ರೆಯಲ್ಲಿ ಬರೆಸುವ ವೈದ್ಯಕೀಯ-ಕಾನೂನು ದಾಖಲೆ. ಅಲ್ಲಿಗೆ ನನ್ನ ಗತ್ತು ಇಳಿಯಿತು. ಏಜೆಂಟ್ ಮಾರುವ ಸರಕು ಕಾನೂನಲ್ಲ, ಮಾಹಿತಿ. ಅದು ಪುಕ್ಕಟೆ ಸಿಗಬೇಕಾದ ಕಡೆ ಸಿಕ್ಕಿದ್ದರೆ ಅವನ ಅಂಗಡಿ ನಡೆಯುತ್ತಲೇ ಇರಲಿಲ್ಲ.

ಸಿಗಬೇಕೆಂದು ಕಾಗದದ ಮೇಲಂತೂ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಹತ್ತು ದಿನದೊಳಗೆ ಗಾಯಾಳುವಿನ ಹಕ್ಕುಗಳನ್ನು ಬರೆದ ಫಾರಂ 2 ಅನ್ನು ಅವರ ಕೈಗೆ ಕೊಡಬೇಕು. 90 ದಿನದಲ್ಲಿ ವಿವರವಾದ ವರದಿ ಹೋಗಬೇಕು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕು. ಅಂದರೆ ಬಿಳಿ ಅಂಗಿಯವನು ಬಾಳೆಹಣ್ಣು ಹಿಡಿದು ಬರುವ ಹೊತ್ತಿಗೆ ಅಕ್ಕನ ಕೇಸಿನ ಚಕ್ರ ತಾನಾಗಿಯೇ ತಿರುಗತೊಡಗಿರಬೇಕಿತ್ತು. ಜೋಳದ ಡಬ್ಬಿಯಲ್ಲಿ ಫಾರಂ 2 ಇರಲಿಲ್ಲ. ಅಂಥದ್ದೊಂದು ಇದೆ ಎಂದು ಅವರು ಕೇಳಿಯೂ ಇರಲಿಲ್ಲ.

ಆರನೆಯವನ ಮಾತೂ ಸುಳ್ಳೇ. ಅದೇ 166ನೇ ಕಲಮಿನಲ್ಲಿ ಗಾಯಾಳು ತಾನು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಗೇ ಅರ್ಜಿ ಹಾಕಬಹುದು. ದುಡಿಯಲು ಪರವೂರಿಗೆ ಹೋಗುವ ಈ ಜಿಲ್ಲೆಯವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತಿದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಆದರೂ ಆರು ತಿಂಗಳನ್ನೇ ನಂಬಿ ನಡೆಯುವುದು ಜಾಣತನ. ಆರು ತಿಂಗಳೆಂದರೆ ವಾರ್ಡಿನ ಎರಡನೇ ದಿನವೇ ಸೈನ್ ಹಾಕುವ ಅವಸರ ಯಾರಿಗೂ ಇಲ್ಲ ಎಂದೂ ಅರ್ಥ. ಅವಸರ ಇರುವುದು ಏಜೆಂಟನಿಗೆ, ಇನ್ನೊಬ್ಬ ಬಂದುಬಿಟ್ಟಾನೆಂದು.

ಕೊನೆಗೆ ಅಕ್ಕನಿಗೆ ದಾರಿಯಾದದ್ದು ಮಗಳ ಶಾಲೆಯ ಗೋಡೆಯ ಮೇಲಿದ್ದ ಒಂದು ನಂಬರು: 15100, ಉಚಿತ ಕಾನೂನು ನೆರವಿನದು. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ವಕೀಲರು ಪುಕ್ಕಟೆ. ಐದನೇ ತಿಂಗಳಲ್ಲಿ ಅರ್ಜಿ ದಾಖಲಾಯಿತು, ಕೇಸು ನಡೆಯುತ್ತಿದೆ. ಪರಿಹಾರದ ಹಣವನ್ನು ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೆ ಹಾಕಿಸಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಹೇಳಿದೆ ಎಂದಾಗ ಅಕ್ಕ ಪಾಸ್‌ಬುಕ್ ತಂದು ತೋರಿಸಿದರು. ಎಂಟನೆಯವಳಂಥವರು ಫೈಲ್ ಚಾರ್ಜ್ ಕೇಳಿದರೆ 1930ಕ್ಕೆ ಫೋನ್ ಮಾಡಿ ಎಂದೆ. ಮಗಳು ಅದನ್ನೂ ಬರೆದುಕೊಂಡಳು.

ಹೊತ್ತಾಗಿತ್ತು. ಚಹಾದ ಲೋಟ ಕೆಳಗಿಟ್ಟು ಎದ್ದೆ. ಮಗಳು ಸ್ಕೇಲ್ ಇಟ್ಟು ಹೊಸ ಗೆರೆ ಎಳೆಯುತ್ತಿದ್ದಳು.

“ಯಾರದು ಬರೀತೀಯವ್ವ?”

“ನಿಮ್ದರೀ” ಎಂದರು ಅಕ್ಕ ನಗುತ್ತಾ. “ನೀವೂ ಕರೀಲಾರ್ದ ಬಂದವ್ರೇ ಅಲ್ಲಾ?”

ಹನ್ನೆರಡನೆಯ ನಮೂದು ನನ್ನ ಕಣ್ಣೆದುರೇ ತಯಾರಾಯಿತು. ಯಾರು: ‘ಪೇಪರಿನವರು’. ಏನಂದ್ರು: ‘ಸೈನ್ ಕೇಳಲಿಲ್ಲ. ಚಾ ಕುಡುದ್ರು’. ಆಮೇಲೆ ಹುಡುಗಿ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ನಾಲ್ಕನೇ ಕಾಲಂ ಇನ್ನೂ ಖಾಲಿಯಿತ್ತು.