ಬೇಟೆಯ ನೆಲೆಗಳು ಮತ್ತು ಊನಗೊಂಡ ದೇಹ: ಬಾಗಲಕೋಟೆ ಪರಿಸರದ ಒಂದು ಜಾನಪದೀಯ ವಿವೇಚನೆ

ಕನ್ನಡದ ಶಾಸನ, ಕಾವ್ಯ ಮತ್ತು ಶಿಲ್ಪಗಳಲ್ಲಿ ಕಾಣಸಿಗುವ ಬೇಟೆಗಾರ ಬಹುತೇಕ ಪೂರ್ಣಾಂಗನಾದ, ಬಲಿಷ್ಠನಾದ ಪುರುಷ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಬೇಟೆಯ ವರ್ಣನೆಯಾಗಲಿ, ದೇವಾಲಯಗಳ ಪಟ್ಟಿಕೆಗಳಲ್ಲಿ ಕಡೆದ ಬೇಟೆಯ ದೃಶ್ಯಗಳಾಗಲಿ ಓಟ, ಗುರಿ ಮತ್ತು ಇರಿತಗಳನ್ನೇ ಮುನ್ನೆಲೆಗೆ ತರುತ್ತವೆ. ಬೇಟೆಯಲ್ಲಿ ಮಡಿದವರಿಗೆ ವೀರಗಲ್ಲುಗಳುಂಟು. ಕ್ರಿ.ಶ. 949–50ರ ಆತಕೂರು ಶಾಸನವಂತೂ ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಯನ್ನೂ ಸ್ಮರಿಸುತ್ತದೆ. ಆದರೆ ಅದೇ ಹಂದಿಯಿಂದ ತೊಡೆ ಸೀಳಿಸಿಕೊಂಡು, ಸಾಯದೆ, ಕುಂಟುತ್ತ ಮತ್ತೆ ಮೂವತ್ತು ವರ್ಷ ಬದುಕಿದವನಿಗೆ ಕಲ್ಲು ನೆಡುವ ಪದ್ಧತಿ ಇರಲಿಲ್ಲ. ಬೇಟೆಯನ್ನೇ ಬದುಕಾಗಿಸಿಕೊಂಡ ಸಮುದಾಯಗಳಲ್ಲಿ ಇಂಥವರ ಸಂಖ್ಯೆ ಮಡಿದವರ ಸಂಖ್ಯೆಗಿಂತ ಹೆಚ್ಚೇ ಇದ್ದಿರಬೇಕು. ಅವರು ಏನಾದರು? ಬೇಟೆಯಿಂದ ಹೊರಗುಳಿದು ಅನ್ಯರ ದಯೆಯಲ್ಲಿ ಉಂಡರೇ, ಇಲ್ಲವೇ ಬೇರೊಂದು ರೀತಿಯಲ್ಲಿ ಬೇಟೆಗಾರರಾಗಿಯೇ ಮುಂದುವರಿದರೇ? ಈ ಪ್ರಶ್ನೆಯನ್ನು ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಭಾಗವು 1997ರ ಆಗಸ್ಟ್ 15ರವರೆಗೆ ಬಿಜಾಪುರ ಜಿಲ್ಲೆಯ ಅಂಗವಾಗಿತ್ತು. 1884ರಲ್ಲಿ ಪ್ರಕಟವಾದ ಬಿಜಾಪುರ ಗ್ಯಾಸೆಟಿಯರ್ ಇಲ್ಲಿನ ಬೇಟೆಗಾರ ಸಮುದಾಯಗಳನ್ನು ಉಲ್ಲೇಖಿಸುತ್ತದೆ. ಒಂದೆಡೆ ಊರಲ್ಲಿ ನೆಲೆನಿಂತು ಕೃಷಿ, ಕಾವಲು ಮತ್ತು ಬೇಟೆಗಳನ್ನು ಒಟ್ಟಿಗೆ ನಡೆಸಿದ ಬೇಡರು. ಇನ್ನೊಂದೆಡೆ ಅಲೆಮಾರಿಗಳಾದ ಹರಣಶಿಕಾರಿ, ಅಡವಿಚಂಚೇರ, ಚಿಗರಿಬೇಟೆಗಾರ, ಫಾಸೆಪಾರ್ದಿ ಮುಂತಾದ ಹೆಸರುಗಳಿಂದ ಗುರುತಿಸಲ್ಪಟ್ಟವರು. ನೆಲವೂ ಎರಡು ಬಗೆಯದು. ಬಾದಾಮಿಯ ಸುತ್ತ ಮರಳುಗಲ್ಲಿನ ಕಡಿದಾದ ಗುಡ್ಡಗಳು, ಅವುಗಳ ನಡುವೆ ಇಕ್ಕಟ್ಟಾದ ಗಂಡಿಗಳು. ಹುನಗುಂದದ ಕಡೆಗೆ ಮರಗಳಿಲ್ಲದ ಎರೆಭೂಮಿ. ಅಲ್ಲಿ ಮೈಲಿಯಾಚೆಯ ಚಿಗರಿಗೂ ಮನುಷ್ಯ ಕಾಣುತ್ತಾನೆ. ಯಾವ ಊನ ಬೇಟೆಗೆ ಅಡ್ಡಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ದೇಹದಷ್ಟೇ ಈ ನೆಲವೂ ನಿರ್ಧರಿಸುತ್ತಿತ್ತು.

ಈ ಪ್ರದೇಶದಲ್ಲಿ ಕಾಲು ಸೋತವರಾಗಿ ಬದುಕುವುದು ವಿರಳವಾದ ಸಂಗತಿಯೇನೂ ಆಗಿರಲಿಲ್ಲ. ಬೇಟೆಯ ಗಾಯಗಳ ಮಾತು ಹಾಗಿರಲಿ, ಮೆಟ್ಟಿಲುಬಾವಿಗಳ ನೀರು ಕುಡಿಯುತ್ತಿದ್ದ ಬಯಲುನಾಡಿನ ಜನರನ್ನು ನಾರುಹುಣ್ಣು ಕಾಡುತ್ತಿತ್ತು. ನೀರಿನೊಡನೆ ಒಳಹೊಕ್ಕ ಹುಳು ಸುಮಾರು ಒಂದು ವರ್ಷದ ಬಳಿಕ, ಹೆಚ್ಚಾಗಿ ಕಾಲಿನಲ್ಲಿ, ಹುಣ್ಣು ಮಾಡಿಕೊಂಡು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರಪಟ್ಟು ತುಂಡಾದರೆ ಕೀವಾಗಿ ಕಾಲು ಬಾತುಕೊಳ್ಳುತ್ತದೆ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಡೆದಾಡಲು ಆಗುತ್ತಿರಲಿಲ್ಲ. ಕೆಲವರಲ್ಲಿ ಕೀಲು ಶಾಶ್ವತವಾಗಿ ಬಿಗಿಯುತ್ತಿತ್ತು. ಒಮ್ಮೆ ಬಂದವರಿಗೆ ಮರುವರ್ಷ ಬಾರದೆಂಬ ಭರವಸೆಯೂ ಇರಲಿಲ್ಲ. ನಿರ್ಮೂಲನಾ ಕಾರ್ಯಕ್ರಮದ ಫಲವಾಗಿ ಭಾರತದಲ್ಲಿ ಕೊನೆಯ ಪ್ರಕರಣ 1996ರಲ್ಲಿ ದಾಖಲಾಗಿ, 2000ದಲ್ಲಿ ದೇಶವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಲಾಯಿತು. ಅದಕ್ಕೂ ಹಿಂದಿನ ಬೇಟೆಯ ಜೀವನವನ್ನು ಕುರಿತು ಬರೆಯುವವರು, ತಂಡದಲ್ಲಿ ಯಾರಾದರೊಬ್ಬರ ಕಾಲಿಗೆ ಬಟ್ಟೆ ಸುತ್ತಿರುವ ಸಾಧ್ಯತೆಯನ್ನು ಮರೆಯಬಾರದು.

ಹಾಗಿದ್ದೂ ಬೇಟೆ ನಡೆಯುತ್ತಿದ್ದುದು ಹೇಗೆ ಎಂಬುದಕ್ಕೆ ಬೇಟೆಯ ರಚನೆಯಲ್ಲಿಯೇ ಉತ್ತರವಿದೆ. ಬೇಟೆ ಒಬ್ಬನ ಸಾಹಸವಲ್ಲ. ಹಲವು ನೆಲೆಗಳ ಜೋಡಣೆ. ಸುಳಿವು ಹಿಡಿಯುವುದು, ಬಲೆ ಹೆಣೆಯುವುದು, ಉರುಲು ಹೂಡುವುದು, ಸೋವುವುದು, ಗಂಡಿಯಲ್ಲಿ ಹೊಂಚು ಕೂರುವುದು, ದನಿ ತೆಗೆದು ಕರೆಯುವುದು, ಪಳಗಿದ ಪ್ರಾಣಿಯನ್ನು ಒಡ್ಡುವುದು, ನಾಯಿ ಬಿಡುವುದು, ಕೊನೆಗೆ ಪಾಲು ಹಾಕುವುದು. ಇವುಗಳಲ್ಲಿ ಓಟವನ್ನು ನಿಜವಾಗಿ ಬೇಡುವುದು ಸೋವುವ ಕೆಲಸವೊಂದೇ. ಪಳಗಿಸಿ ಒಡ್ಡುವ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಪ್ರತ್ಯೇಕ ಪದವೇ ಇರುವುದು ಈ ಕುಳಿತ ಬೇಟೆಯ ಪ್ರಾಚೀನತೆಗೆ ಸಾಕ್ಷಿ. 12ನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ನಾಯಿ, ಡೇಗೆ, ಮೀನು ಮತ್ತು ಮೃಗಗಳ ಬೇಟೆಯನ್ನು ಬೇರೆಬೇರೆ ವಿನೋದಗಳಾಗಿಯೇ ವಿಂಗಡಿಸುತ್ತದೆ. ಅದು ಅರಸನ ವಿನೋದದ ದೃಷ್ಟಿ, ನಿಜ. ಆದರೆ ಆ ವಿನೋದಕ್ಕೆ ಬೇಕಾದ ಬಲೆ, ದೀವ, ನಾಯಿಗಳನ್ನು ಸಿದ್ಧಪಡಿಸಿದ ಕೈಗಳು ಅರಸನವಲ್ಲ.

ಹರಣಶಿಕಾರಿ ಮತ್ತು ಪಾರ್ದಿಗಳ ಬೇಟೆಯ ವಿಧಾನಗಳು ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿವೆ. ‘ಫಾಸೆ’ ಎಂದರೇ ಉರುಲು. ಉದ್ದವಾದ ಹಗ್ಗಕ್ಕೆ ಸಾಲಾಗಿ ಉರುಲುಗಳನ್ನು ಕಟ್ಟಿ ಚಿಗರಿಗಳ ಹಾದಿಗೆ ಅಡ್ಡಲಾಗಿ ಹೂಡಿ, ಅತ್ತಲಿಂದ ಮಂದೆಯನ್ನು ಮೆಲ್ಲನೆ ತಿರುಗಿಸುವುದು ಒಂದು ಕ್ರಮ. ಇನ್ನೊಂದು, ಪಳಗಿಸಿದ ಎತ್ತು ಅಥವಾ ಆಕಳನ್ನು ಮರೆಯಾಗಿಟ್ಟುಕೊಂಡು ಬಯಲಿನಲ್ಲಿ ಚಿಗರಿಯ ಸಮೀಪಕ್ಕೆ ಸಾಗುವುದು. ಎತ್ತು ಎರಡು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಮೇಯುತ್ತದೆ. ಮರೆಯಲ್ಲಿರುವವನೂ ಹಾಗೆಯೇ ನಡೆಯಬೇಕು. ವೇಗವೇ ಇಲ್ಲಿ ದೋಷ. ಕುಂಟುವವನ ನಿಧಾನಗತಿ ಈ ಬೇಟೆಗೆ ಕೊರತೆಯಲ್ಲವೆಂಬುದು ವಿಧಾನದ ಸ್ವರೂಪದಿಂದಲೇ ಊಹಿಸಬಹುದಾದದ್ದು. ಗೌಜಲಹಕ್ಕಿಯ ಬೇಟೆಯಲ್ಲಂತೂ ನಡೆಯುವ ಅಗತ್ಯ ಇನ್ನೂ ಕಡಿಮೆ. ಪಂಜರದಲ್ಲಿ ಸಾಕಿದ ಗೌಜಲನ್ನು ಇಟ್ಟು ಸುತ್ತಲೂ ಕುದುರೆಕೂದಲಿನಂಥ ನವುರಾದ ಎಳೆಗಳ ಉರುಲುಗಳನ್ನು ಊರಿ, ಮರೆಯಲ್ಲಿ ಅಲುಗಾಡದೆ ಕುಳಿತು ಅದರ ದನಿಯನ್ನೇ ತೆಗೆಯಬೇಕು. ಇಲ್ಲಿ ಬೇಕಾದದ್ದು ಕಿವಿ, ನಾಲಗೆ ಮತ್ತು ತಾಳ್ಮೆ. ಕಣ್ಣು ಮಂದವಾದವನಿಗೂ ಇದು ಸಾಧ್ಯ. ಕಿವಿ ಕೆಟ್ಟವನಿಗೆ ಮಾತ್ರ ಅಸಾಧ್ಯ. ಬಾದಾಮಿಯ ಗುಡ್ಡಗಳಲ್ಲಿ ಇದು ತಿರುವುಮುರುವು. ಗಂಡಿಯ ಬಾಯಿಯಲ್ಲಿ ಬಲೆಯ ಬಳಿ ಕೂರುವ ಕಿವುಡನಿಗೆ ಕಣ್ಣೇ ಸಾಕು, ಆದರೆ ಅಲ್ಲಿಗೆ ಹತ್ತಿಹೋಗಲು ಕಾಲು ಬೇಕು.

ಕಾಲಿನ ಕೆಲಸವನ್ನು ನಾಯಿಗೆ ವಹಿಸಿದುದು ಈ ಜಿಲ್ಲೆಯ ಇನ್ನೊಂದು ಪ್ರಸಿದ್ಧ ವ್ಯವಸ್ಥೆ. ಮುಧೋಳದ ಬೇಟೆನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೆನ್ನಟ್ಟುವ ಜಾತಿಯದು. ಬಯಲಿನಲ್ಲಿ ಮೊಲವನ್ನು ಓಡಿ ಹಿಡಿಯುವುದು ಅದರ ಕಸುಬು. ನಾಯಿಯನ್ನು ಬಿಡುವ ಗಳಿಗೆಯನ್ನು ಅರಿತವನು ಓಡಬೇಕಾಗಿಲ್ಲ. ಸಾಮೂಹಿಕ ಬೇಟೆಯ ಮಾಂಸದಲ್ಲಿ ಹೊಡೆದವನಿಗಷ್ಟೇ ಅಲ್ಲದೆ ಸೋವಿದವರಿಗೂ ನಾಯಿಗೂ ಪಾಲಿಡುವ ಕ್ರಮ ಕೊಡಗೂ ಸೇರಿದಂತೆ ಹಲವೆಡೆ ದಾಖಲಾಗಿದೆ. ನಾಯಿಯ ಪಾಲು ಸಲ್ಲುವುದು ನಾಯಿ ಸಾಕಿದವನ ಮನೆಗೆ. ಈ ಪಾಲು ಎಂಬ ಪದವನ್ನು ಹಗುರಾಗಿ ನೋಡಬಾರದು. ಬಲೆ ಹೆಣೆದವನಿಗೆ ಅಥವಾ ನಾಯಿ ಸಾಕಿದವನಿಗೆ ಬಂದುದು ಪಾಲು; ಏನೂ ಮಾಡದವನಿಗೆ ಕೊಟ್ಟದ್ದು ದಾನ. ಊನಗೊಂಡವನ ಸಾಮಾಜಿಕ ಸ್ಥಾನ ಈ ಎರಡರ ನಡುವಿನ ಗೆರೆಯ ಮೇಲೆ ನಿಂತಿತ್ತು.

ಪುರಾಣಗಳಲ್ಲಿ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಇಬ್ಬರು ಬೇಟೆಗಾರರಿದ್ದಾರೆ. ಏಕಲವ್ಯನ ಕಥೆಯನ್ನು ನಾವು ಹೆಬ್ಬೆರಳು ಕೊಟ್ಟಲ್ಲಿಗೆ ನಿಲ್ಲಿಸುವುದು ವಾಡಿಕೆ. ಆದರೆ ಮಹಾಭಾರತದ ಆದಿಪರ್ವ ಅಲ್ಲಿಗೆ ನಿಲ್ಲುವುದಿಲ್ಲ. ಬಳಿಕ ಅವನು ಉಳಿದ ಬೆರಳುಗಳಿಂದ ಬಾಣ ಎಳೆದನೆಂದೂ ಮೊದಲಿನ ವೇಗ ಮಾತ್ರ ಇರಲಿಲ್ಲವೆಂದೂ ಅದು ಹೇಳುತ್ತದೆ. ಹೆಬ್ಬೆರಳಿಲ್ಲದೆ ಬಿಲ್ಲು ಎಳೆಯುವುದು ಅಸಾಧ್ಯವೇನಲ್ಲ. ಜಗತ್ತಿನ ಹಲವು ಬಿಲ್ಲುಗಾರಿಕೆಯ ಪರಂಪರೆಗಳು ಎರಡು ಮೂರು ಬೆರಳುಗಳಿಂದಲೇ ಹೆದೆಯನ್ನು ಎಳೆಯುತ್ತವೆ. ದ್ರೋಣ ಕಸಿದುಕೊಂಡದ್ದು ಅರ್ಜುನನೊಡನೆ ಸ್ಪರ್ಧಿಸುವ ವೇಗವನ್ನು, ಬೇಟೆಯಾಡುವ ಸಾಮರ್ಥ್ಯವನ್ನಲ್ಲ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ಕಥೆಯ ನೈತಿಕ ಭಾರವನ್ನು ಬೇರೆಡೆಗೆ ಒಯ್ದಿತು. ನಾಟಕಕಾರರಿಗೆ ಬೇಕಾದದ್ದು ತ್ಯಾಗದ ಗಳಿಗೆ. ಜಾನಪದ ಅಧ್ಯಯನಕಾರರಿಗೆ ಮರುದಿನದ ಬೇಟೆಯೂ ಬೇಕು.

ಎರಡನೆಯವನು ಬೇಡರ ಕಣ್ಣಪ್ಪ. ಹರಿಹರನ ರಗಳೆಯಿಂದ ಹಿಡಿದು 1954ರ ಚಲನಚಿತ್ರದವರೆಗೆ ಕನ್ನಡಿಗರು ಬಲ್ಲ ಈ ಕಥೆಯಲ್ಲಿ ಒಂದು ಕುಶಲವಾದ ವಿವರವಿದೆ. ಒಂದು ಕಣ್ಣನ್ನು ಕಿತ್ತು ಲಿಂಗಕ್ಕಿಟ್ಟ ಮೇಲೆ, ಎರಡನೆಯದನ್ನೂ ಕಿತ್ತರೆ ಇಡಬೇಕಾದ ಸ್ಥಳ ಕಾಣದೆಂದು ಅವನು ಮೊದಲೇ ಕಾಲನ್ನು ಗುರುತಾಗಿ ಊರುತ್ತಾನೆ. ಭಕ್ತಿಯ ವ್ಯಾಖ್ಯಾನಕಾರರು ಇದರಲ್ಲಿ ಮುಗ್ಧತೆಯ ಪರಾಕಾಷ್ಠೆಯನ್ನು ಕಂಡಿದ್ದಾರೆ. ಕತ್ತಲಲ್ಲಿ ಉರುಲಿನ ಗೂಟವನ್ನು ಕಾಲಿನಿಂದ ತಡವಿ ಗುರುತಿಸಬಲ್ಲ ಬೇಟೆಗಾರನ ರೂಢಿಯೂ ಅದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕುರುಡಾಗುವುದಕ್ಕೆ ಮುನ್ನವೇ ಕುರುಡನಾಗಿ ಕೆಲಸ ಮಾಡುವ ಬಗೆಯನ್ನು ಅವನು ಯೋಚಿಸಿದ್ದಾನೆ.

ಪುರಾಣದಾಚೆಗೂ ಇಂಥ ದೇಹಗಳ ಕುರುಹುಗಳುಂಟು. ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ದೊರೆತ ನಿಯಾಂಡರ್ತಾಲ್ ಪುರುಷನ ಬಲಗೈ ನಿಷ್ಪ್ರಯೋಜಕವಾಗಿತ್ತು, ಒಂದು ಕಣ್ಣಿನ ಸುತ್ತಲಿನ ಮೂಳೆ ಜಜ್ಜಿಹೋಗಿತ್ತು. ಅವನಿಗೆ ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು 2017ರ ಅಧ್ಯಯನವೊಂದು ತೋರಿಸಿದೆ. ಹೀಗಿದ್ದೂ ಅವನು ಆ ಕಾಲಕ್ಕೆ ದೀರ್ಘವೆನ್ನಬಹುದಾದ ಆಯುಷ್ಯವನ್ನು ಕಂಡ. ಇದನ್ನು ಗುಂಪಿನ ಕರುಣೆಯ ಸಾಕ್ಷ್ಯವಾಗಿ ಓದಲಾಗಿದೆ. ಕರುಣೆ ಇದ್ದಿರಬಹುದು, ಅವನಿಗೂ ಒಂದು ನೆಲೆ ಇದ್ದಿರಬಹುದೆಂಬ ಓದನ್ನು ತಳ್ಳಿಹಾಕಲು ಕಾರಣವಿಲ್ಲ. ಇಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಗವಿಕಲ ಬೇಟೆಗಾರರಿಗೆ ನಿಂತ ವಾಹನದಿಂದ ಗುಂಡು ಹಾರಿಸಲು ವಿಶೇಷ ಪರವಾನಿಗೆ ಕೊಡುತ್ತಾರೆ. ಅಲ್ಲಿ ಒಬ್ಬ ವ್ಯಕ್ತಿಯ ಕೊರತೆಯನ್ನು ಉಪಕರಣ ತುಂಬುತ್ತದೆ. ನಮ್ಮಲ್ಲಿ ಅದನ್ನು ತುಂಬುತ್ತಿದ್ದುದು ತಂಡದ ಕೆಲಸದ ಹಂಚಿಕೆ.

ಈ ಹಂಚಿಕೆ ಒಡೆದುಹೋದ ಬಗೆಯನ್ನು ಮೂರು ಕಾಯಿದೆಗಳ ಮೂಲಕ ಗುರುತಿಸಬಹುದು. ಮೊದಲನೆಯದು 1857ರ ನಿಃಶಸ್ತ್ರೀಕರಣ. ಆಯುಧ ಒಪ್ಪಿಸಲು ನಿರಾಕರಿಸಿ ಹಲಗಲಿಯ ಬೇಡರು ಬಂಡೆದ್ದದ್ದು, ಆ ವರ್ಷದ ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಿದ್ದು, ಆ ಕುರಿತ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿದ್ದು ಸುಪರಿಚಿತ. ಆದರೆ ಆ ಕಾಯಿದೆ ಕಸಿದದ್ದು ಕೋವಿ, ಕತ್ತಿಗಳನ್ನು. ಉರುಲು, ಬಲೆ, ನಾಯಿಗಳನ್ನಲ್ಲ. ಹೊಡೆಯುವವನ ನೆಲೆ ಕುಗ್ಗಿತು, ಕೂರುವವನ ನೆಲೆ ಉಳಿಯಿತು. ಎರಡನೆಯದು, 1911ರ ಬಳಿಕ ಮುಂಬಯಿ ಪ್ರಾಂತಕ್ಕೂ ಅನ್ವಯವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ. ಹರಣಶಿಕಾರಿಗಳಂಥ ಅಲೆಮಾರಿಗಳನ್ನು ಹಾಜರಿಗೆ ಒಳಪಡಿಸಿ ಸೆಟ್ಲಮೆಂಟುಗಳಲ್ಲಿ ಇರಿಸಲಾಯಿತು. ಗದಗ, ಹುಬ್ಬಳ್ಳಿಗಳಲ್ಲಿ ಇಂದಿಗೂ ಆ ಹೆಸರಿನ ವಸತಿಗಳಿವೆ. ಸೆಟ್ಲಮೆಂಟಿನ ಜನರನ್ನು ಹಚ್ಚಿದ್ದು ಗಿರಣಿಯಂಥ ಕೂಲಿಗೆ. ಅಲ್ಲಿ ದೇಹವನ್ನು ಅಳೆಯುವ ಕ್ರಮವೇ ಬೇರೆ. ಆ ಕಾಯಿದೆ 1952ರಲ್ಲಿ ರದ್ದಾಯಿತು.

ಮೂರನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಇದರ 2(16)ನೆಯ ಕಲಮು ಬೇಟೆಯನ್ನು ವ್ಯಾಖ್ಯಾನಿಸುವಾಗ ಕೊಲ್ಲುವುದರ ಜೊತೆಗೆ ಹಿಡಿಯುವುದು, ನಾಯಿ ಬಿಟ್ಟು ಬೆನ್ನಟ್ಟುವುದು, ಉರುಲು ಹಾಕುವುದು, ಬಲೆ–ಬೋನು ಒಡ್ಡುವುದು, ಸೋವುವುದು, ಆಮಿಷ ಇಡುವುದು ಎಲ್ಲವನ್ನೂ ಎಣಿಸುತ್ತದೆ. ಕಾವ್ಯಗಳು ಹಿನ್ನೆಲೆಗೆ ಸರಿಸಿದ ನೆಲೆಗಳನ್ನು ಕಾಯಿದೆ ಒಂದೊಂದಾಗಿ ಹೆಸರಿಸಿತು. ಕುಳಿತವನೂ ಬೇಟೆಗಾರನೇ ಎಂದು ಒಪ್ಪಿಕೊಂಡ ಈ ಆಧುನಿಕ ಪಠ್ಯ ಅವನನ್ನು ಅಪರಾಧಿಯೆಂದು ಒಪ್ಪಿಕೊಂಡಿತೆಂಬುದು ವಿಪರ್ಯಾಸ. ಕಾಯಿದೆಯ ಅಗತ್ಯವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಬೀಳಗಿ–ಮುಧೋಳ ಭಾಗದ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರ ವನ್ಯಧಾಮ ಘೋಷಣೆಯಾಗಬೇಕಾಗಿ ಬಂದುದೇ ಬಯಲಿನ ಮೃಗಗಳು ಎಷ್ಟು ವಿರಳವಾಗಿದ್ದವೆಂಬುದನ್ನು ತಿಳಿಸುತ್ತದೆ.

ಆದರೆ ಬೇಟೆ ನಿಂತಾಗ ಎಲ್ಲರ ನಷ್ಟ ಸಮನಾಗಿರಲಿಲ್ಲ. ಗಟ್ಟಿಮುಟ್ಟಾದವನು ಇಳಕಲ್ಲಿನ ಕಲ್ಲುಗಣಿಗೆ, ಕಬ್ಬು ಕಡಿಯಲು, ಗೋವೆಯ ಕಟ್ಟಡ ಕೆಲಸಕ್ಕೆ ಹೋದ. ದನಿ ತೆಗೆಯುತ್ತಿದ್ದ ಕುಂಟನಿಗೆ, ಉರುಲು ಹೊಸೆಯುತ್ತಿದ್ದ ಮುದುಕನಿಗೆ ಅಂಥ ಬದಲಿ ಇರಲಿಲ್ಲ. ಕೂಲಿಯ ಲೆಕ್ಕದಲ್ಲಿ ಒಬ್ಬ ಆಳು ಪೂರ್ತಿ ಆಳಾಗಿರಬೇಕು. ಪುನರ್ವಸತಿಯ ಯೋಜನೆಗಳೂ ಬೇಟೆಗಾರ ಸಮುದಾಯವನ್ನು ಕುಟುಂಬಗಳ ಸಂಖ್ಯೆಯಾಗಿ ಎಣಿಸಿದವೇ ಹೊರತು ನೆಲೆಗಳ ಲೆಕ್ಕದಲ್ಲಿ ನೋಡಲಿಲ್ಲ. ಇದೇ ಅವಧಿಯಲ್ಲಿ ಹೊಸದೊಂದು ಬಾಧೆಯೂ ಸೇರಿಕೊಂಡಿತು. ನಾರುಹುಣ್ಣನ್ನು ತಡೆಯಲು ಮೆಟ್ಟಿಲುಬಾವಿಗಳಿಂದ ಕೊಳವೆಬಾವಿಗಳಿಗೆ ತಿರುಗಿದ ಹುನಗುಂದ–ಇಳಕಲ್ ಭಾಗದ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಾನುಗಟ್ಟಲೆ ಅಂಥ ನೀರು ಕುಡಿದವರ ಬೆನ್ನು ಮತ್ತು ಮಂಡಿಗಳು ಬಿಗಿಯುತ್ತವೆ. ಹಿಂದೆ ಕಾಲು ಸೋತವನಿಗೆ ಬೇಟೆಯಲ್ಲೊಂದು ನೆಲೆಯಿತ್ತು; ಈಗ ಕಾಲು ಸೋಲುವವನಿಗೆ ಕಲ್ಲುಗಣಿಯಲ್ಲಿ ಅದು ಇಲ್ಲ.

ಉಳಿದುಬಂದ ನೆಲೆ ಒಂದಿದ್ದರೆ ಅದು ನಾಯಿ ಸಾಕುವುದು. 2005ರಲ್ಲಿ ಮುಧೋಳ ನಾಯಿಗೆ ಅಂಚೆಚೀಟಿಯ ಗೌರವ ದೊರೆಯಿತು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆ ಪರಿಸರದ ಹಲವು ಕುಟುಂಬಗಳು ಮರಿ ಬೆಳೆಸಿ ಮಾರುತ್ತವೆ. ಮೊಲ ಹಿಡಿಯುತ್ತಿದ್ದ ನಾಯಿ ಈಗ ತೋಟ ಕಾಯುತ್ತದೆ. ಮರಿಗಳನ್ನು ನೋಡಿಕೊಳ್ಳುವುದು ಅಂಗಳದಲ್ಲೇ ಆಗುವ ಕೆಲಸ. ಮಾರಿದ ಹಣದಲ್ಲಿ ನೋಡಿಕೊಂಡವರಿಗೆ ಪಾಲುಂಟು. ಹಕ್ಕಿಯ ದನಿ ತೆಗೆಯುವ ವಿದ್ಯೆಗೆ ಮಾತ್ರ ಇಂಥ ಮಾರುಕಟ್ಟೆ ಇಲ್ಲ. ಬೇಟೆಗಾರರ ಹಾಡು ಮತ್ತು ಕಥೆಗಳ ಸಂಗ್ರಹಕ್ಕೆ ಹೋಗುವ ನಮ್ಮ ಸಂಶೋಧಕರು ಗೌಜಲು, ಲಾವಕ್ಕಿ, ನವಿಲುಗಳನ್ನು ಕರೆಯುವ ದನಿಗಳನ್ನೂ, ಬಗೆಬಗೆಯ ಉರುಲುಗಳ ಗಂಟುಗಳನ್ನೂ, ತಂಡದಲ್ಲಿ ಯಾರು ಎಲ್ಲಿ ಕೂರುತ್ತಿದ್ದರೆಂಬುದನ್ನೂ ಕೇಳಿ ಬರೆದುಕೊಳ್ಳಬೇಕಾಗಿದೆ. ಗುಡ್ಡಕ್ಕೆ ಹೋಗಿ ನಿಂತು ತೋರಿಸುವಂತೆ ಹಿರಿಯರನ್ನು ಕೇಳಬೇಕಾಗಿಲ್ಲ. ಈ ಕೆಲಸಗಳನ್ನು ಅವರು ಮೊದಲೂ ಕುಳಿತೇ ಮಾಡುತ್ತಿದ್ದರು.