ಹಳೆಯ ಬಿ.ಎಸ್.ಎ. ಗಾಡಿಗೆ ಕಾರಿನ ಫಿಲ್ಟರ್

ಭಾನುವಾರ ಮತ್ತು ರಜೆಯ ದಿನಗಳಲ್ಲಿ ನಾನು ನಮ್ಮ ಮಾಮೂ ಅವರ ಗ್ಯಾರೇಜಿನಲ್ಲಿ ಇರುತ್ತೇನೆ. ಓದುವುದು ಕಾಮರ್ಸ್, ಕೈಗೆ ಹತ್ತುವುದು ಗ್ರೀಸು. ಕಳೆದ ದಸರಾ ರಜೆಯಲ್ಲಿ ಅಲ್ಲಿ ಒಂದು ಬಿ.ಎಸ್.ಎ. ಎಂ20 ಗಾಡಿಯ ಕೆಲಸ ನಡೆದಿತ್ತು. 500 ಸಿ.ಸಿ., ಒಂದೇ ಸಿಲಿಂಡರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯಕ್ಕೆಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ ಗಾಡಿಗಳನ್ನು ಒಂದು ಲಕ್ಷಕ್ಕೂ ಹೆಚ್ಚು ತಯಾರಿಸಿದರು. ಯುದ್ಧ ಮುಗಿದ ಮೇಲೆ ಕೆಲವು ನಮ್ಮ ದೇಶದಲ್ಲೇ ಉಳಿದವು.

ಈ ಗಾಡಿಯ ಯಜಮಾನರಿಗೆ ವಯಸ್ಸಾಗಿದೆ. ಅದು ಅವರ ತಂದೆ ಓಡಿಸುತ್ತಿದ್ದ ಗಾಡಿ. ಎಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಬೇರಿಂಗ್ ಬದಲಿಸಿ ಕೂಡಿಸಿದ್ದಾಗಿತ್ತು. ಬೇರಿಂಗ್ ಇಂಗ್ಲೆಂಡಿನಿಂದ ತರಿಸಿದ್ದು. "ಇನ್ನು ನನ್ನ ಕಾಲದಲ್ಲಿ ಇದನ್ನು ಬಿಚ್ಚುವ ಹಾಗಾಗಬಾರದು, ಕಾರಿಗೆ ಹಾಕುವಂಥ ಫಿಲ್ಟರ್ ಹಾಕಿಕೊಡಿ" ಎಂದು ಅವರು ಕೇಳಿದರು.

ಹಳೆಯ ಗಾಡಿಗೆ ಫಿಲ್ಟರ್ ಇರಲಿಲ್ಲವೇ ಎಂದು ನಾನು ಕೇಳಿದೆ. ಇತ್ತು, ಆದರೆ ತಂತಿಯ ಜಾಲರಿ ಮಾತ್ರ. ಚಹಾ ಸೋಸುವ ಜಾಲರಿಯ ಹಾಗೆ ದೊಡ್ಡ ಕಸವನ್ನು ಅದು ತಡೆಯುತ್ತದೆ, ಸಣ್ಣ ಕಣಗಳು ಪಾರಾಗುತ್ತವೆ. ಆ ಕಾಲದ ಸಾದಾ ಆಯಿಲ್‌ನಲ್ಲಿ ಮಸಿ ನಿಧಾನವಾಗಿ ತಳಕ್ಕೆ ಇಳಿದು ಕೆಸರಾಗಿ ಕೂರುತ್ತಿತ್ತು. ಈಗಿನ ಆಯಿಲ್‌ನಲ್ಲಿ ಡಿಟರ್ಜೆಂಟ್ ಇರುತ್ತದೆ. ಅದು ಮಸಿಯನ್ನು ತಳಕ್ಕೆ ಬಿಡದೆ ತನ್ನಲ್ಲೇ ತೇಲಿಸಿಕೊಂಡು ತಿರುಗುತ್ತದೆ. ತೇಲುವ ಕೊಳೆಯನ್ನು ಹಿಡಿಯಲು ಕಾಗದದ ಫಿಲ್ಟರ್ ಬೇಕು. ಹಾಗೆಂದು ಕೆಸರು ತುಂಬಿದ ಹಳೆಯ ಎಂಜಿನ್ನಿಗೆ ನೇರವಾಗಿ ಹೊಸ ಆಯಿಲ್ ಸುರಿಯಬಾರದು. ಕೂತಿದ್ದ ಕೆಸರು ಎದ್ದು ಆಯಿಲ್ ದಾರಿಯನ್ನೇ ಮುಚ್ಚಬಹುದು. ಅದಕ್ಕೇ ಮೊದಲು ಬಿಚ್ಚಿ ತೊಳೆಯುವುದು.

ಫಿಲ್ಟರ್ ಎಲ್ಲಿ ಹಾಕಬೇಕು? ನಮ್ಮ ಮನೆಗಳಲ್ಲಿರುವ ಸ್ಪ್ಲೆಂಡರ್‌ನಲ್ಲಿ ಆಯಿಲ್ ಎಂಜಿನ್ನಿನ ತಳದಲ್ಲೇ ಇರುತ್ತದೆ. ಎಂ20ಯಲ್ಲಿ ಸೀಟಿನ ಕೆಳಗೆ ಬೇರೆಯೇ ಆಯಿಲ್ ಟ್ಯಾಂಕ್ ಇದೆ. ಒಂದು ಪೈಪಿನಿಂದ ಆಯಿಲ್ ಪಂಪಿಗೆ ಇಳಿಯುತ್ತದೆ. ಎಂಜಿನ್ನಿನಲ್ಲಿ ಕೆಲಸ ಮುಗಿಸಿ ಕೆಳಗೆ ಬಿದ್ದ ಆಯಿಲನ್ನು ಅದೇ ಪಂಪಿನ ಇನ್ನೊಂದು ಭಾಗ ಎತ್ತಿ ಎರಡನೇ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಫಿಲ್ಟರ್ ಕೂರಬೇಕಾದದ್ದು ಈ ವಾಪಸ್ ಪೈಪಿನಲ್ಲಿ. ಇಳಿಯುವ ಪೈಪಿನಲ್ಲಿ ಹಾಕಿದರೆ ಚಳಿಯ ಬೆಳಿಗ್ಗೆ ಗಟ್ಟಿಯಾದ ಆಯಿಲ್ ಕಾಗದ ದಾಟಿ ಬರಲು ತಡವಾಗಿ ಪಂಪಿಗೆ ಆಯಿಲ್ ಸಾಲದೆ ಹೋಗಬಹುದು. ವಾಪಸ್ ಪೈಪಿನಲ್ಲಾದರೆ ಹಿಂದಿನಿಂದ ಪಂಪು ನೂಕುತ್ತಿರುತ್ತದೆ. ನಾರ್ಟನ್ ಕಂಪನಿಯವರೂ 1972ರ ಹೊತ್ತಿಗೆ ಕಮಾಂಡೊ ಗಾಡಿಗೆ ಇಂಥ ಫಿಲ್ಟರನ್ನು ವಾಪಸ್ ಪೈಪಿನಲ್ಲೇ ಕೂರಿಸಿದರು.

ಬೇಕಾಗುವ ಸಾಮಾನು ಕಡಿಮೆ. ಎರಡು ಪೈಪ್ ಬಾಯಿಗಳಿರುವ ಒಂದು ಅಲ್ಯೂಮಿನಿಯಂ ಹೆಡ್, ಅದಕ್ಕೆ ತಿರುಗಿಸಿ ಹಾಕುವ ಕಾರಿನ ಫಿಲ್ಟರ್ ಡಬ್ಬಿ, ಆಯಿಲ್‌ಗೆ ತಡೆಯುವ ರಬ್ಬರ್ ಪೈಪು, ನಾಲ್ಕು ಕ್ಲಿಪ್. ಡಬ್ಬಿಯ ಬೆಲೆ ಒಂದು ಪ್ಲೇಟ್ ಬಿರಿಯಾನಿಯಷ್ಟು. ಆದರೆ ಮರೆ ನೋಡಿ ತರಬೇಕು. ಫಿಲ್ಟರ್‌ಗಳಲ್ಲಿ ಎಂ20 ಎಂಬ 20 ಮಿಲಿಮೀಟರ್ ಮರೆ ಇದೆ (ಗಾಡಿಯ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ನಾನು ಒಂದು ದಿನ ಪೂರ್ತಿ ಗೊಂದಲದಲ್ಲಿದ್ದೆ). ಮುಕ್ಕಾಲು ಇಂಚಿನದೂ ಇದೆ, ಅಂದರೆ 19.05 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ಹೆಡ್‌ಗೆ 20ರ ಡಬ್ಬಿ ಹಾಕಿದರೆ ಸಡಿಲವಾಗಿ ಕೂತು, ದಾರಿಯಲ್ಲಿ ಕಳಚಿಕೊಳ್ಳಬಹುದು. ರಬ್ಬರ್ ವಾಷರಿಗೆ ಸ್ವಲ್ಪ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿಮಾಡಿದರೆ ಸಾಕು. ಪಾನಾ ಬೇಡ.

ಪೈಪ್ ಕೂಡಿಸುವ ಕೆಲಸ ಮಾಮೂ ನನಗೆ ಕೊಟ್ಟರು. ಕ್ಲಿಪ್ ಬಿಗಿದೆ, ಡಬ್ಬಿಗೆ ಆಯಿಲ್ ತುಂಬಿ ಹಾಕಿದೆ. ಮಾಮೂ ಕಿಕ್ ಹೊಡೆದರು. ಗಾಡಿ ಸ್ಟಾರ್ಟ್ ಆಯಿತು, ಸದ್ದು ಚೆನ್ನಾಗಿತ್ತು. ನಾನು ಫೋಟೋ ತೆಗೆಯಲು ಫೋನ್ ಹಿಡಿದೆ. ಮಾಮೂ ಮಾತ್ರ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ಒಳಗೆ ನೋಡುತ್ತಾ ನಿಂತರು. ವಾಪಸ್ ಪೈಪಿನ ಬಾಯಿಂದ ಆಯಿಲ್ ಗಾಳಿಯ ಜೊತೆ ಬಿಟ್ಟು ಬಿಟ್ಟು ಉಗುಳಬೇಕು. ಅರ್ಧ ನಿಮಿಷವಾದರೂ ಒಂದು ಹನಿ ಬರಲಿಲ್ಲ. ತಕ್ಷಣ ಎಂಜಿನ್ ಬಂದ್ ಮಾಡಿದರು.

"ಬೇಟಾ, ಯಾವ ಪೈಪ್ ಎಲ್ಲಿ ಹಾಕಿದೆ?"

ಅದಲುಬದಲಾಗಿತ್ತು. ಡಬ್ಬಿಯ ಬಾಯಲ್ಲಿ ಸುತ್ತಲೂ ಸಣ್ಣ ತೂತುಗಳಿವೆ, ಆಯಿಲ್ ಒಳಗೆ ಹೋಗುವುದು ಅಲ್ಲಿಂದ. ಸೋಸಿ ಹೊರಬರುವುದು ನಡುವಿನ ದೊಡ್ಡ ತೂತಿನಿಂದ. ಗಾಡಿ ನಿಂತಾಗ ಡಬ್ಬಿ ಖಾಲಿಯಾಗದಿರಲಿ ಎಂದು ಸಣ್ಣ ತೂತುಗಳ ಒಳಗೆ ರಬ್ಬರಿನ ಒಂದು ಪೊರೆ ಇರುತ್ತದೆ. ನಾನು ಆಯಿಲನ್ನು ನಡುವಿನಿಂದ ನುಗ್ಗಿಸಿದ್ದೆ, ಪೊರೆ ಮುಚ್ಚಿಕೊಂಡಿತ್ತು. ಲೆಕ್ಕಶಾಸ್ತ್ರದಲ್ಲಿ ಡೆಬಿಟ್ ಕ್ರೆಡಿಟ್ ಅದಲುಬದಲಾದರೆ ಸರ್ ಕೆಂಪು ಗೆರೆ ಎಳೆಯುತ್ತಾರೆ. ಇಲ್ಲಾದರೆ ಪೈಪ್ ಕಿತ್ತುಕೊಂಡು ಹೋಗುತ್ತಿತ್ತು. ಇಲ್ಲವೇ ಟ್ಯಾಂಕಿನ ಆಯಿಲ್ ಎಲ್ಲ ಎಂಜಿನ್ ತಳಕ್ಕೆ ಸೇರಿ, ಟ್ಯಾಂಕ್ ಒಣಗಿ, ಇಂಗ್ಲೆಂಡಿನಿಂದ ಬಂದ ಬೇರಿಂಗ್ ಸುಟ್ಟುಹೋಗುತ್ತಿತ್ತು.

ಮಾಮೂ ಬೈಯಲಿಲ್ಲ. ಪೈಪುಗಳನ್ನು ನನ್ನ ಕೈಯಿಂದಲೇ ಬಿಚ್ಚಿಸಿ, ಹೆಡ್ ಮೇಲೆ ಉಳಿಯಿಂದ ಎರಡು ಬಾಣದ ಗುರುತು ಕೆತ್ತಿಸಿದರು. ಮತ್ತೆ ಕಿಕ್. ಈ ಸಲ ಟಾರ್ಚ್ ಹಿಡಿದವನು ನಾನು. ಹತ್ತು ಎಣಿಸುವುದರೊಳಗೆ ಆಯಿಲ್ ಉಗುಳಿತು. ಅಷ್ಟು ಹೊತ್ತು ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದ ಯಜಮಾನರು ಎದ್ದು ಬಂದು, "ಎಲ್ಲಿ, ನನಗೂ ತೋರಿಸು" ಎಂದರು.

500 ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ಬಂತು. ಹಳೆಯ ಡಬ್ಬಿಯನ್ನು ಗರಗಸದಿಂದ ಕೊಯ್ದು ಕಾಗದವನ್ನು ಬಿಡಿಸಿ ನೋಡಿದೆವು. ಮಡಿಕೆ ಮಡಿಕೆಯಲ್ಲೂ ಕಪ್ಪು ಮಸಿ, ಅದರ ನಡುವೆ ಬಿಸಿಲಿಗೆ ಹೊಳೆಯುವ ಲೋಹದ ಪುಡಿ. ತಂತಿಯ ಜಾಲರಿಯಲ್ಲಿ ಏನೂ ಸಿಕ್ಕಿರಲಿಲ್ಲ.